ಆರನೇ ಖೋಲಿಯ ಪಟ್ಟಿ

ಪ್ರೋಗ್ರಾಮ್ ಬರೆಯುವವರಿಗೆ ಒಂದು ಸೊಕ್ಕಿರುತ್ತದೆ. ನಮ್ಮ ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡುಬಿಡುತ್ತೇವೆ. ನನಗೂ ಆ ಸೊಕ್ಕಿತ್ತು.

ಸೊಲ್ಲಾಪುರ ರಸ್ತೆಯ ಒಂದು ಕೋಲ್ಡ್ ಸ್ಟೋರೇಜಿಗೆ ಪೈಥಾನ್‌ನಲ್ಲಿ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ತಿಕೋಟಾ, ಬಬಲೇಶ್ವರದ ಒಣದ್ರಾಕ್ಷಿ ಅಲ್ಲಿಗೆ ಬರುತ್ತದೆ. ಒಳಗೆ ಆರು ಖೋಲಿ, ಅಂದರೆ ತಂಪು ಕೋಣೆಗಳು. ತಂಪು ಮಾಡಲು ಅಮೋನಿಯಾ ಗ್ಯಾಸು. ಅದು ಸೋರಿದರೆ ಮೊದಲು ಕಣ್ಣು ಸುಡುತ್ತದೆ, ಆಮೇಲೆ ಎದೆ. ಪ್ರತಿ ಖೋಲಿಗೂ ಒಂದು ಸೆನ್ಸರ್, ಪರದೆಯ ಮೇಲೆ ಅದಕ್ಕೊಂದು ಪಟ್ಟಿ. ಹಸಿರಿದ್ದರೆ ಚಿಂತೆಯಿಲ್ಲ, ಕೆಂಪಾದರೆ ಒಳಗಿದ್ದವರನ್ನು ಹೊರಗೆ ಕರೆಯಬೇಕು.

ಆರನೇ ಖೋಲಿಯಲ್ಲಿ ಕೆಲಸ ಮಾಡುವವಳು ರುದ್ರವ್ವ ಅತ್ತಿ. ನಮ್ಮ ಓಣಿಯವಳು. ಅಮ್ಮಿ ತೀರಿಕೊಂಡ ಮೇಲೆ ಎರಡು ವರ್ಷ ನನಗೆ ರೊಟ್ಟಿ ಕಟ್ಟಿಕೊಟ್ಟವಳು.

"ಮಿನಾಜ, ಆ ವಾಸನಿಗೆ ನನ್ನ ಮೂಗ ಸತ್ತ ಹೋಗೇತಿ, ಕಣ್ಣುರಿನೂ ರೂಢಿ ಆಗೇತಿ. ನಿನ್ನ ಕಂಪ್ಯೂಟರ ನೋಡಿ ಯಾರರೆ ಕರದರ ನಾ ಹೊರಗ ಬರಾಕಿ," ಅಂದಿದ್ದಳು.

"ಚಿಂತಿ ಬಿಡ ಅತ್ತಿ," ಅಂದಿದ್ದೆ.

ಚಿಂತೆ ಬಿಟ್ಟವಳು ನಾನು. ಪಟ್ಟಿಗಳನ್ನು ಮೇಲಿನಿಂದ ಇಂತಿಷ್ಟು ದೂರ, ಇಂತಿಷ್ಟು ಎತ್ತರ ಎಂದು ಅಂಕಿ ಕೊಟ್ಟು, ಮೊಳೆ ಹೊಡೆದ ಹಾಗೆ ಕೂರಿಸಿದ್ದೆ. ಪ್ರೋಗ್ರಾಮಿನ ವಿಂಡೋ ಹಿಗ್ಗಿದಾಗ ಹಿಗ್ಗುವಂತೆ, ಕುಗ್ಗಿದಾಗ ಕುಗ್ಗುವಂತೆ ಬರೆಯುವುದು ಗೊತ್ತಿರಲಿಲ್ಲ ಅಂತಲ್ಲ. ಇದ್ದ ಜಾಗದಲ್ಲಿ ಪ್ರತಿ ಪಟ್ಟಿಗೂ ಸಮಪಾಲು ಕೊಡುವ ನಾಲ್ಕು ಸಾಲು ಬರೆದಿದ್ದರೆ ಸಾಕಿತ್ತು. ಯಾರು ವಿಂಡೋ ಎಳೆಯುತ್ತಾರೆ ಅಂತ ಬಿಟ್ಟೆ.

ಯಲಗೂರಪ್ಪ ಕಾಕಾ ಎಳೆದರು. ಆಫೀಸಿನಲ್ಲಿ ಕೂತು ಪಟ್ಟಿ ನೋಡುವವರು ಅವರೇ. ಅವರ ಪರದೆಯ ತುಂಬ ಯಲಗೂರ ಹನುಮಪ್ಪನ ಫೋಟೊ. ಬೆಳಿಗ್ಗೆ ಬಂದು, ಪರದೆಯ ಬುಡದಲ್ಲಿರುವ ಪಾದಕ್ಕೆ ಬೆರಳು ಮುಟ್ಟಿಸಿ ಕಣ್ಣಿಗೊತ್ತಿಕೊಂಡ ಮೇಲೆಯೇ ಅವರ ಕೆಲಸ ಶುರು. ನನ್ನ ವಿಂಡೋ ಆ ಪಾದ ಮುಚ್ಚುತ್ತಿತ್ತು. ದೇವರ ಪಾದ ಮುಚ್ಚಿ ಕೂರಬಾರದೆಂದು ಅವರು ಕೆಳಗಿನ ಅಂಚು ಹಿಡಿದು ಮೇಲಕ್ಕೆ ಎಳೆದಿಡುತ್ತಿದ್ದರು. ಎಲ್ಲಕ್ಕಿಂತ ಕೆಳಗಿದ್ದ ಆರನೇ ಪಟ್ಟಿ ಕಾಣದಂತಾಗುತ್ತಿತ್ತು.

ತಿಂಗಳ ಹಿಂದೆ ಇದನ್ನು ಕಣ್ಣಾರೆ ಕಂಡಿದ್ದೆ. "ಹಿಂಗ ಎಳೀಬ್ಯಾಡ್ರಿ ಕಾಕಾ," ಅಂದೆ. "ಆತ ಬಿಡವ್ವ," ಅಂದರು. ಮರುದಿನ ಮತ್ತೆ ಎಳೆಯುತ್ತಾರೆಂದು ನನಗೆ ಖಂಡಿತ ಗೊತ್ತಿತ್ತು. ಆದರೂ ಗಾಂಧಿ ಚೌಕದ ನನ್ನ ಅಂಗಡಿಗೆ ಬಂದು, ನಾಳೆ ಸರಿಮಾಡಿದರಾಯಿತು ಎಂದು ಬೇರೆ ಕೆಲಸ ಹಿಡಿದೆ. ಅಂಥ ಮೂವತ್ತು ನಾಳೆಗಳು ಹೋದವು.

ಗುರುವಾರ ಹನ್ನೊಂದಕ್ಕೆ, ಕೊನೆಗೂ ಆ ನಾಲ್ಕು ಸಾಲು ಬರೆದು ಪೆನ್‌ಡ್ರೈವಿಗೆ ಹಾಕಿಕೊಂಡು ಫೋನ್ ಮಾಡಿದೆ.

"ಬರಾಕತ್ತೇನ್ರಿ ಕಾಕಾ. ಎಲ್ಲಾ ಬರೋಬ್ಬರಿ ಐತಿಲ್ಲ?"

"ಬೇಷ್ ಐತಿ. ಐದಕ್ಕ ಐದೂ ಹಸರ ಅದಾವ."

ಕುರ್ಚಿಯಿಂದ ಎದ್ದುಬಿಟ್ಟೆ.

"ಆರನೇದ್ದು? ವಿಂಡೋ ಕೆಳಗ ಎಳೀರಿ!"

"ಹನುಮಪ್ಪನ ಪಾದ ಮುಚ್ಚತೈತವ್ವ..."

"ಮುಚ್ಚಲಿ! ಎಳೀರಿ ಮೊದಲ!"

ಮೌಸು ಟಕ್ಕೆಂದಿತು.

"ಕೆಂಪ ಐತಿ ಮಿನಾಜ. ಯಾವಾಗಿಂದ ಐತೋ, ಯಪ್ಪಾ!"

ಫೋನು ಮೇಜಿನ ಮೇಲೆ ಬಿತ್ತು. ಅವರು ಓಡಿದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ದೂರದಲ್ಲಿ ಒಬ್ಬ ಹೆಂಗಸು ಕೆಮ್ಮುವುದು, ಆಮೇಲೆ ಕಿರುಚುವುದು. ಆ ಧ್ವನಿ ನನಗೆ ಚೆನ್ನಾಗಿ ಗೊತ್ತಿತ್ತು. ಸ್ಕೂಟಿ ಹತ್ತಿ ಹೋದೆ. ಗೇಟಿಗೆ ಬರುವಷ್ಟರಲ್ಲೇ ಕಣ್ಣು ಉರಿಯತೊಡಗಿತ್ತು.

ಅತ್ತಿ ಆಸ್ಪತ್ರೆ ಸೇರಿ ಐದು ದಿನವಾಗಿತ್ತು. ಕಾಕಾ ಪರದೆಯಿಂದ ಹನುಮಪ್ಪನ ಫೋಟೊ ತೆಗೆದುಹಾಕಿ, ತಪ್ಪು ತಮ್ಮದೇ ಎಂದು ಆಸ್ಪತ್ರೆಯ ಬಾಗಿಲಲ್ಲಿ ಅಳುತ್ತ ಕೂತಿದ್ದರು. ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ. ದಿನಾ ಪಾದ ಮುಟ್ಟುವ ಅವರು ಆವತ್ತೂ ದಿನದ ಹಾಗೇ ಮಾಡಿದ್ದರು. ಗೊತ್ತಿದ್ದೂ ಸುಮ್ಮನಿದ್ದವಳು ನಾನು.

ರುದ್ರವ್ವ ಅತ್ತಿಯ ಎರಡೂ ಕಣ್ಣಿಗೆ ಹತ್ತಿಯಿಟ್ಟು ಪಟ್ಟಿ ಕಟ್ಟಿದ್ದರು. ನಾನು ಕೈ ಹಿಡಿದಾಗ ಗುರುತು ಹಿಡಿದಳು.

"ಸರಿ ಮಾಡಿದೇನ ಬೇ?"

"ಮಾಡೀನಿ ಅತ್ತಿ. ಈಗ ಎಷ್ಟ ಸಣ್ಣ ಮಾಡಿದ್ರೂ ಆರೂ ಕಾಣತಾವ."

"ಛಲೋ ಆತು," ಎಂದು ನನ್ನ ಕೈ ತಟ್ಟಿದಳು. "ಡಾಕ್ಟರಗ ಒಂದೀಟ ಕೇಳ, ನನಗ ಯಾವಾಗ ಕಾಣತೈತಿ ಅಂತ."

ಡಾಕ್ಟರನ್ನು ಕೇಳಿಯೇ ನಾನು ಒಳಗೆ ಬಂದಿದ್ದೆ.