ದೊಡ್ಡದ ಮಾಡ್ರಿ

ದ್ವಾರಕಾ ಅಜ್ಜಿಯ ಮನೆಯಲ್ಲಿ ದೀಪ ಯಾವತ್ತೂ ಆರಿದ್ದಿಲ್ಲ, ದೊಡ್ಡದಾಗಿದ್ದಷ್ಟೇ. ಮಲಗುವ ಮುನ್ನ ದೇವರ ಎದುರಿನ ಬತ್ತಿಯನ್ನು ಎಣ್ಣೆಗೆ ಜಾರಿಸಿ ನಂದಿಸುತ್ತಾ ಅಜ್ಜಿ, “ದೀಪ ದೊಡ್ಡದ ಮಾಡೀನಿ” ಎನ್ನುವಳು. ಹೊರಟವರು ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುವುದಿಲ್ಲವೆ, ಹಾಗೆ. ಮೊಮ್ಮಗಳು ಶ್ರೀಲೇಖಾ ಸಣ್ಣವಳಿದ್ದಾಗ ಒಮ್ಮೆ “ದೀಪ ಆರಸು” ಅಂದುಬಿಟ್ಟು ತಲೆಯ ಮೇಲೊಂದು ಮೊಟಕು ತಿಂದಿದ್ದಳು.

“ಬೆಂಕಿಗಿ ಕಿವಿ ಇರ್ತಾವ ಹುಚ್ಚಿ. ಆರಸು ಅಂದ್ರ ಅದಕ್ಕ ಸಿಟ್ಟ ಬರ್ತದ. ದೊಡ್ಡದು ಅಂದ್ರ ಹಿಗ್ಗಿ ಹಂಗೇ ಮಕ್ಕೋತದ.”

ಅಜ್ಜಿಯ ಕಥೆಗಳಲ್ಲಿ ಬೆಂಕಿ ಒಂದು ಪ್ರಾಣಿಯೇ ಆಗಿತ್ತು. ಅದು ಹಗ್ಗದೊಳಗೆ ಹೊಕ್ಕು ಮಲಗುತ್ತಿತ್ತು, ಕಣಜದಲ್ಲಿ ಉಸಿರು ಬಿಡುತ್ತಿತ್ತು, ಹೆಸರಿಟ್ಟು ಕರೆದರೆ ಏಳುತ್ತಿತ್ತು. ಕಾಲ ಕಳೆದು ಶ್ರೀಲೇಖಾ ಇಂಜಿನಿಯರಾದಳು. ಗೋಡೆಯ ಮೇಲೆ ಹಾದುಹೋದ ಕೇಬಲ್ ಕಂಡರೆ ಮಾತ್ರ ಅದರೊಳಗೆ ಯಾರೋ ಮಗ್ಗುಲು ಬದಲಿಸಿದಂತೆ ಇವತ್ತಿಗೂ ಅವಳಿಗೆ ಭಾಸವಾಗುತ್ತದೆ. ಆ ಭಯದಿಂದಲೇ ಅವಳ ಕೇಬಲ್ ಹುಟ್ಟಿತು.

ಸೊಲ್ಲಾಪುರದ ಓಣಿಯಲ್ಲಿ ಟವೆಲ್ಲಿನ ಅಂಚು ನೇಯುವುದನ್ನು ನೋಡುತ್ತಾ ನಿಂತಾಗ ಹೊಳೆದ ಉಪಾಯ ಅದು. ತಾಮ್ರದ ತಂತಿಗಳ ಮೇಲೆ ಅಂಚಿನಂತೆ ಹೆಣೆದ ನೂಲಿನ ಕವಚ. ಆ ಹೆಣಿಗೆಯಲ್ಲಿ ಕೂದಲೆಳೆಯಂಥ ಎರಡು ತಂತಿ, ಅವೆರಡರ ನಡುವೆ ನೂಲು. ಶಾಖ ಅತಿಯಾದರೆ ನೂಲು ಕರಗಿ ಎರಡು ಎಳೆಗಳೂ ಒಂದನ್ನೊಂದು ಮುಟ್ಟುತ್ತವೆ. ಮುಟ್ಟಿದ ಕ್ಷಣ ಪ್ಯಾನಲ್ಲಿನ ಸ್ವಿಚ್ಚು ಬಿದ್ದು ಕರೆಂಟು ಕಡಿಯುತ್ತದೆ. ಬೆಂಕಿ ಏಳುವ ಮೊದಲೇ ಅದಕ್ಕೆ ಅನ್ನ ನಿಲ್ಲಿಸುವ ಹಗ್ಗ. ಅದಕ್ಕೆ ಪೇಟೆಂಟ್ ಸಿಕ್ಕಿದ ದಿನ ಅಜ್ಜಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಿನ್ನ ಕನಸಿಗಿ ಸರ್ಕಾರದವ್ರು ಶಿಕ್ಕಾ ಹೊಡದ್ರೇನವಾ? ಛಲೋ ಆತು, ಇನ್ನ ಕನಸ ಕಾಣಾಕ ಹೆದರಬ್ಯಾಡ” ಅಂದಿದ್ದಳು.

ಹೆದರಿಕೆ ಹೋಗಲಿಲ್ಲ. ಕಾಗದದ ಮೇಲಿದ್ದ ಕೇಬಲ್ಲು ಇಂದು ಮೊದಲ ಸಲ ನಿಜವಾದ ಬಿಸಿಗೆ ಬೀಳುವುದಿತ್ತು. ಅಕ್ಕಲಕೋಟದ ಹೊರಗೆ, ಬಸ್ಸಿಳಿದು ಆಟೊ ಹಿಡಿದು ಹೋಗಬೇಕಾದ ಒಂದು ಔಷಧ ಕಾರ್ಖಾನೆ. ಅಲ್ಲಿ ಸ್ಪಿರಿಟ್ಟಿನಲ್ಲಿ ಕಲಸಿದ ಔಷಧದ ಪುಡಿಯನ್ನು ತಾಟುಗಳಲ್ಲಿ ಹರಡಿ, ಕೋಣೆಯಷ್ಟು ದೊಡ್ಡ ಡ್ರೈಯರಿನಲ್ಲಿಟ್ಟು ಬಿಸಿಗಾಳಿಯಿಂದ ಒಣಗಿಸುತ್ತಾರೆ. ಸ್ಪಿರಿಟ್ಟಿನ ಆವಿ ಹೊರಗೆ ಹೋಗಲು ಒಂದು ಫ್ಯಾನು ಸದಾ ತಿರುಗುತ್ತಿರಬೇಕು. ಆವಿ ಒಳಗೇ ತುಂಬಿದರೆ ಒಂದು ಕಿಡಿ ಸಾಕು. ಅಂಥ ಡ್ರೈಯರಿನ ಬಾಗಿಲಲ್ಲಿ ದಿನವೂ ನಿಲ್ಲುವವಳು ಸೋನಾಲಿ.

ಸೋನಾಲಿ ಶ್ರೀಲೇಖಾಳ ಬಾಲ್ಯದ ಗೆಳತಿ. ಅಜ್ಜಿಯ ಮನೆ ಮೊದಲು ಅಕ್ಕಲಕೋಟದಲ್ಲೇ ಇತ್ತು. ಸೂಟಿಯಲ್ಲಿ ಇಬ್ಬರೂ ಒಂದೇ ದುಪ್ಪಟಿಯೊಳಗೆ ತಲೆ ಮರೆಸಿಕೊಂಡು ಅದೇ ಕಥೆ ಕೇಳಿ ಅದೇ ಹೆದರಿಕೆ ಹಂಚಿಕೊಂಡವರು. ಕಾರ್ಖಾನೆಯವರು ಪರೀಕ್ಷೆಗೆ ಒಪ್ಪುವಂತೆ ಹೇಳಿ ಹೇಳಿ ಬೆನ್ನು ಹತ್ತಿದವಳೂ ಅವಳೇ.

“ಬಂದ್ರು ನೋಡ್ರಿ ಪೇಟೆಂಟ್ ಬಾಯಿಸಾಹೇಬ್ರು!” ಗೇಟಿನಲ್ಲೇ ಸೋನಾಲಿ ಚಪ್ಪಾಳೆ ತಟ್ಟಿದಳು. ತಲೆಗೆ ಬಿಳಿ ಟೊಪ್ಪಿಗೆ, ಮೈಗೆ ಬಿಳಿ ನಿಲುವಂಗಿ. “ಯಾಕಲೇ, ಮಾರಿ ಹಿಂಗ್ಯಾಕ ಮಾಡೀ? ಲಗ್ನಕ್ಕ ಹೆಣ್ಣ ತೋರಸಾಕ ಬಂದಂಗ?”

“ಏನರ ಆದ್ರ ಸೋನಿ?”

“ಆದ್ರ ಪೇಪರನಾಗ ನಿನ್ನ ಫೋಟೊ, ನನಗ ಸೂಟಿ. ಬಾ ಸುಮ್ನ.”

ಶ್ರೀಲೇಖಾ ನಗಲು ನೋಡಿದಳು. ಆಮೇಲೆ ಅವಳ ಹಿಂದೆ ನಡೆದಳು.

ಪರೀಕ್ಷೆ ಸರಳವಾದದ್ದು. ಔಷಧವಿಲ್ಲದ ಖಾಲಿ ಡ್ರೈಯರು. ಅದಕ್ಕೆ ಕರೆಂಟು ತರುವ ಹಳೆಯ ಕೇಬಲ್ ತೆಗೆದು ಹೊಸದನ್ನು ಜೋಡಿಸಿ, ಅದರ ಒಂದು ಸುತ್ತನ್ನು ಹೀಟರಿನ ಪಕ್ಕದಲ್ಲಿ ಹಾಯಿಸಲಾಗಿತ್ತು. ಬಿಸಿಯನ್ನು ಹಂತ ಹಂತವಾಗಿ ಏರಿಸಬೇಕು, ಮಿತಿ ದಾಟಿದಾಗ ಕೇಬಲ್ಲು ತಾನೇ ಕರೆಂಟು ಕಡಿಯಬೇಕು. ಪ್ಯಾನಲ್ಲು ಗೋಡೆಯಾಚೆಯ ಕೋಣೆಯಲ್ಲಿ. ಅಲ್ಲಿ ಕೂತವನು ಯುವರಾಜ, ಬಾರ್ಶಿ ಕಡೆಯವನು. ಮನೆಮಾತು ಮರಾಠಿ, ಕನ್ನಡ ಇಲ್ಲಿಗೆ ಬಂದು ಕಲಿತದ್ದು. ಸ್ಪಿರಿಟ್ಟಿರುವ ಕಡೆ ಮೊಬೈಲು ತರುವಂತಿಲ್ಲ, ಆದ್ದರಿಂದ ಅವನೊಡನೆ ಮಾತಾಡಲು ಗೋಡೆಯ ಮೇಲೊಂದು ಫೋನಿತ್ತು.

“ಯುವರಾಜ ಭಾವು, ನಾ ಹೇಳಿದಾಗಷ್ಟೇ ಬಿಸಿ ಏರಸ್ರಿ.”

“ಹೋ ಮ್ಯಾಡಮ್. ನೀವ್ ಹೇಳ್ರಿ, ನಾ ಮಾಡ್ತೀನಿ.”

ಡ್ರೈಯರು ಗುಂಯ್ ಎಂದು ಶುರುವಾಯಿತು. ಬಾಗಿಲ ಪಕ್ಕದ ಮಾಪಕದ ಮುಳ್ಳು ಮೇಲೇರುವುದನ್ನು ಸೋನಾಲಿ ಕೂಗಿ ಹೇಳುತ್ತಿದ್ದಳು. ಶ್ರೀಲೇಖಾ ಫೋನು ಕಿವಿಗೆ ಹಿಡಿದು “ಇನ್ನೊಂದ್ ಸ್ವಲ್ಪ ಏರಸ್ರಿ” ಎನ್ನುತ್ತಿದ್ದಳು. ಗೋಡೆಗುಂಟ ಹಾದು ಬಂದ ತನ್ನ ಕೇಬಲ್ಲನ್ನು ದಿಟ್ಟಿಸಿದಳು. ಹಸಿರು ನೂಲಿನ ಹೆಣಿಗೆ ಕೇರೆಹಾವಿನ ಬೆನ್ನಿನಂತೆ ಮಿರುಗುತ್ತಿತ್ತು. ಅದು ಉಸಿರಾಡುತ್ತಿದೆ ಅನ್ನಿಸಿ ಕಣ್ಣು ಹೊರಳಿಸಿದಳು.

“ಒಳಗ ಎಷ್ಟ್ ಸ್ವಚ್ಛ ಅದ ನೋಡಿದೇನು?” ಸೋನಾಲಿ ಹೆಮ್ಮೆಯಿಂದ ಕೇಳಿದಳು. “ನೀ ಬರ್ತಿ ಅಂತ ಮುಂಜಾನೆ ತಾಟ ಎಲ್ಲಾ ಒರಸೀನಿ. ಮುಖಾ ನೋಡ್ಕೋಬೇಕು ಅದರಾಗ, ಹಂಗ.”

“ನೀರಿಲೆ ಒರಸೀ?”

“ನೀರಿಲೆ ಎಲ್ಲಿ ಹೊಳಪ ಬರ್ತದಲೇ? ಸ್ಪಿರಿಟ್‌ಲೆ.”

ಶ್ರೀಲೇಖಾ ಥಟ್ಟನೆ ಅವಳತ್ತ ತಿರುಗಿದಳು. “ಒರಸಿದ ಅರಿವಿ ಎಲ್ಲಿ ಹಾಕೀ?”

“ಕೆಳಗಿನ ತಾಟನ್ಯಾಗ ಇಟ್ಟೀನಿ. ಹೆಂಗೂ ಬಿಸಿ ಮಾಡಾವ್ರ ಅದೀರಿ, ಒಣಗ್ತಾವಂತ…”

ಅರ್ಧಕ್ಕೇ ಸೋನಾಲಿಯ ಮಾತು ನಿಂತಿತು. ತಾನು ಏನು ಹೇಳಿದೆ ಎಂದು ತನ್ನ ಕಿವಿಯೇ ಅವಳಿಗೆ ತಿಳಿಸಿದಂತಿತ್ತು. ಮನೆಗೆ ಬರುವ ನೆಂಟರಿಗಾಗಿ ತಾಮ್ರದ ತಂಬಿಗೆ ತಿಕ್ಕಿಡುವ ಹಾಗೆ ತಿಕ್ಕಿಟ್ಟಿದ್ದಳು, ಅಷ್ಟೇ. ಆ ಒದ್ದೆ ಬಟ್ಟೆಗಳ ಗಂಟು ಈಗ ಒಳಗೆ ಬೇಯುತ್ತಿತ್ತು. ಹೀಟರಿಗೆ ಒಂದು ಗೇಣು ಆಚೆ.

ಶ್ರೀಲೇಖಾ ಫೋನಿಗೆ ಬಾಯಿ ಹಚ್ಚಿದಳು. ಕಾಲೇಜಿನಲ್ಲಿ ಕಲಿತದ್ದು, ಕಾರ್ಖಾನೆಗಳಲ್ಲಿ ದಿನವೂ ಆಡಿದ್ದು ಯಾವುದೂ ನಾಲಗೆಗೆ ಬರಲಿಲ್ಲ. ಬೆಂಕಿಯ ಎದುರು ನಿಂತ ನಾಲಗೆ ಸೀದಾ ಅಜ್ಜಿಯ ದೇವರಮನೆಗೆ ಓಡಿತು.

“ದೊಡ್ಡದ ಮಾಡ್ರಿ! ಭಾವು, ಲಗೂನ ದೊಡ್ಡದ ಮಾಡ್ರಿ!”

“ಮಾಡ್ದೆ ಮ್ಯಾಡಮ್.”

ಅವಳು ಉಸಿರು ಬಿಟ್ಟಳು. ಸೋನಾಲಿಯೂ ಬಿಟ್ಟಳು, ಅದೇ ದುಪ್ಪಟಿಯ ಕಥೆ ಕೇಳಿ ಬೆಳೆದ ಅವಳ ಕಿವಿಗೂ ಆ ಮಾತು ತಪ್ಪೆನಿಸಲಿಲ್ಲ. ಇಬ್ಬರೂ ಡ್ರೈಯರಿನ ಸದ್ದು ಇಳಿಯುವುದನ್ನು ಕಾದು ನಿಂತರು.

ಸದ್ದು ಇಳಿಯಲಿಲ್ಲ. ಒಳಗೆ ಹೀಟರು ಟಿಕ್ ಟಿಕ್ ಎಂದು ಹಿಗ್ಗತೊಡಗಿತು. ಮಾಪಕದ ಮುಳ್ಳು ಇಳಿಯುವ ಬದಲು ನೆಗೆಯಿತು.

“ಶ್ರೀ… ಇದು ಏರಾಕತ್ತದಲೇ,” ಸೋನಾಲಿಯ ದನಿ ಸಣ್ಣಗಾಗಿತ್ತು.

ಫೋನಿನಲ್ಲಿ ಯುವರಾಜ ನಿರಾಳವಾಗಿ ಕೇಳಿದ, “ಮ್ಯಾಡಮ್, ಪೂರಾ ದೊಡ್ಡದ ಮಾಡೀನ್ರಿ. ಇನ್ನ ಜಾಗಾ ಇಲ್ಲ. ಬಸ್ ಏನು?”

ಆಗ ಅವಳಿಗೆ ತಿಳಿಯಿತು. ಅಜ್ಜಿಯ ‘ದೊಡ್ಡದು’ ಅವನ ಕಿವಿಗೆ ‘ಬಿಸಿ ಏರಿಸು’ ಎಂದೇ ಬಿದ್ದಿತ್ತು. ಯಾರದೋ ದನಿಯಲ್ಲಿ ಕಿರುಚಿದಳು: “ಬಂದ್! ಬಂದ್ ಕರಾ! ಆರಸ್ರಿ! ಆರಸ್ರಿ ಅದನ್ನ!”

ಕಟ್ ಎಂದು ಗೋಡೆಯಾಚೆ ಏನೋ ಬಿತ್ತು. ಡ್ರೈಯರು ಒಮ್ಮೆ ನರಳಿ ನಿಂತಿತು.

“ಮ್ಯಾಡಮ್!” ಯುವರಾಜನ ದನಿಯಲ್ಲಿ ಈಗ ಗಾಬರಿ. “ನಾ ಇನ್ನಾ ಕೈ ಹಚ್ಚಿಲ್ರಿ! ತಾನs ಬಿತ್ತು!”

ತಾನೇ ಬಿತ್ತು. ಅವಳ ನೂಲು ಕರಗಿತ್ತು, ಎಳೆಗಳು ಮುಟ್ಟಿದ್ದವು. ಕಾಗದದಲ್ಲಿ ಬರೆದಂತೆಯೇ ಆಗಿತ್ತು. ಒಂದೇ ಒಂದು ಗಳಿಗೆ ಶ್ರೀಲೇಖಾಳ ಎದೆಯಲ್ಲಿ ಹಾಲುಕ್ಕಿತು.

ಆಮೇಲೆ ನಿಶ್ಶಬ್ದ ಕೇಳಿಸಿತು. ಪೂರಾ ನಿಶ್ಶಬ್ದ. ಹೀಟರಿನ ಸದ್ದಿನೊಡನೆ ಇನ್ನೊಂದು ಸದ್ದೂ ನಿಂತಿತ್ತು. ಫ್ಯಾನು. ಹೀಟರಿಗೂ ಫ್ಯಾನಿಗೂ ಕರೆಂಟು ತರುತ್ತಿದ್ದದ್ದು ಅದೊಂದೇ ಕೇಬಲ್ಲು. ಬೆಂಕಿಗೆ ಅನ್ನ ನಿಲ್ಲಿಸಿದ ಹಗ್ಗವೇ ಆವಿಯ ದಾರಿಯನ್ನೂ ಮುಚ್ಚಿತ್ತು. ಕಾದು ಕೆಂಪಾದ ಹೀಟರಿನ ಪಕ್ಕದಲ್ಲಿ ಸ್ಪಿರಿಟ್ಟಿನ ಉಸಿರು ಹೊರಗೆ ಹೋಗಲಾರದೆ ತುಂಬಿಕೊಳ್ಳುತ್ತಿತ್ತು. ಇದು ಅವಳು ಬರೆದ ಯಾವ ಪುಟದಲ್ಲೂ ಇರಲಿಲ್ಲ. ಮಲಗಿಸಿದೆ ಅಂದುಕೊಂಡ ಪ್ರಾಣಿ ಕತ್ತಲಲ್ಲಿ ಕಣ್ಣು ತೆರೆದು ಕೂತಿತ್ತು.

ಬಾಗಿಲ ಸಂದಿಯಿಂದ ಸಿಹಿಸಿಹಿಯಾದ, ತಲೆ ತಿರುಗಿಸುವ ವಾಸನೆ ಬಂತು. ಅಷ್ಟರಲ್ಲಿ ಸೋನಾಲಿ ಬಾಗಿಲ ಹಿಡಿಕೆಗೆ ಕೈ ಹಾಕಿದ್ದಳು.

“ಬ್ಯಾಡ! ತಗೀಬ್ಯಾಡ!”

“ಅರಿವಿ ತಗದ ಬಿಡ್ತೀನಿ! ಸಾಹೇಬ್ರು ಬಂದ್ರ ನನ್ನ ನೌಕರಿ ಉಳಿಯೂದಿಲ್ಲಲೇ!”

“ಒಳಗ ಗಾಳಿ ಹೊಕ್ಕರ ಹತ್ಕೋತದ ಸೋನಿ! ಬಿಡು ಅದನ್ನ!”

ಬಿಡಲಿಲ್ಲ. ಸೋನಾಲಿಯ ಕಣ್ಣು ಬಾಗಿಲಲ್ಲೇ ನೆಟ್ಟಿತ್ತು. ಬೆಂಕಿಗಿಂತ ಅವಳಿಗೆ ಸಾಹೇಬರ ಭಯ ದೊಡ್ಡದಿತ್ತು. ಹಿಡಿಕೆ ಅರ್ಧ ತಿರುಗಿತು. ಶ್ರೀಲೇಖಾ ಫೋನು ಬಿಟ್ಟು ಓಡಿ ಹಿಂದಿನಿಂದ ಅವಳ ನಡು ಹಿಡಿದು ಎಳೆದಳು. ಬೆರಳು ಬಿಡಿಸಿದಳು, ಉಗುರು ನೆಟ್ಟಿತು, ಟೊಪ್ಪಿಗೆ ಬಿತ್ತು. ಬಾಗಿಲಿನ ತಗಡು ಮೊಣಕೈಗೆ ತಾಗಿ ಸುಟ್ಟಿತು. ಇಬ್ಬರೂ ಬಿದ್ದೆದ್ದು ಓಣಿಯಂಥ ಪಡಸಾಲೆ ದಾಟಿ ಅಂಗಳಕ್ಕೆ ಬಂದರು. “ಎಲ್ಲಾರೂ ಹೊರಗ ಬರ್ರಿ! ಯಾವ ಬಟನ್ನೂ ಮುಟ್ಟಬ್ಯಾಡ್ರಿ! ಬಾಹೇರ್ ಯಾ!” ಎಂದು ಶ್ರೀಲೇಖಾ ಎರಡೂ ಭಾಷೆಯಲ್ಲಿ ಒದರಿದಳು. ಈ ಸಲ ಒಂದು ಮಾತೂ ಯಾರಿಗೂ ಬೇರೆಯಾಗಿ ಕೇಳಿಸಬಾರದಿತ್ತು.

ಅಂಗಳದಲ್ಲಿ ಬಿಸಿಲು ಹೊಡೆಯುತ್ತಿತ್ತು. ಎಲ್ಲರೂ ಗೇಟಿನ ಬಳಿ ನಿಂತು ಕಟ್ಟಡ ನೋಡುತ್ತಿದ್ದರು. ಏನೂ ಆಗಲಿಲ್ಲ. ಏನೂ ಆಗದಿರುವುದು ಇಷ್ಟು ಹೊತ್ತು ನಡೆಯಬಲ್ಲದು ಎಂದು ಶ್ರೀಲೇಖಾಳಿಗೆ ಗೊತ್ತಿರಲಿಲ್ಲ. ಒಂದು ಪಾರಿವಾಳ ಚಿಮಣಿಯ ಮೇಲೆ ಕೂತಿತು. ಹಾರಿಹೋಗು, ಹಾರಿಹೋಗು ಎಂದು ಮನಸ್ಸಿನಲ್ಲೇ ಅದಕ್ಕೆ ಹೇಳಿದಳು. ಸೋನಾಲಿ ಅವಳ ಭುಜಕ್ಕೆ ಹಣೆ ಹಚ್ಚಿ ನಿಂತಿದ್ದಳು.

ಕೊನೆಗೆ ಡ್ರೈಯರಿನ ಕಬ್ಬಿಣ ತಣಿಯಿತು. ಹೊರಗಿನಿಂದ ತಾತ್ಕಾಲಿಕ ಲೈನೊಂದನ್ನು ಎಳೆದು ಫ್ಯಾನಿಗೆ ಕೊಟ್ಟು ಆವಿಯನ್ನೆಲ್ಲ ಊದಿ ತೆಗೆದ ಮೇಲೆ ಬಾಗಿಲು ತೆರೆದರು. ಕೆಳಗಿನ ತಾಟಿನಲ್ಲಿ ಬಟ್ಟೆಯ ಗಂಟು ಅಂಚಿನಲ್ಲಿ ಕಂದಿತ್ತು. ಅಷ್ಟೇ.

ಮ್ಯಾನೇಜರ್ ಯೋಗಿರಾಜ ಬಂದವರೇ ಕರಗಿದ ನೂಲನ್ನು ಎತ್ತಿ ಹಿಡಿದು ನಕ್ಕರು. “ಕ್ಯಾ ಬಾತ್ ಹೈ! ಟೈಮಿಗಿ ಸರಿಯಾಗಿ ಕಡೀತಲ್ರಿ! ಪಾಸ್. ನಾಳಿಂದ ಎಲ್ಲಾ ಡ್ರೈಯರಿಗೂ ಇದನ್ನs ಹಾಕೂನು.”

“ಹಾಕಬಾರದ್ರಿ ಸಾಹೇಬ್ರ,” ಅಂದಳು ಶ್ರೀಲೇಖಾ.

“ಯಾಕ?”

“ಹೀಟರ್ ಜೋಡಿ ಫ್ಯಾನೂ ನಿಂತಿತ್ತು. ಸ್ಪಿರಿಟ್ ಒಳಗs ತುಂಬಿತ್ತು. ನನ್ನ ಕೇಬಲ್‌ನಿಂದನs ಇವತ್ತ ಇದು ಹಾರಿ ಹೋಗ್ತಿತ್ರಿ.”

ಯೋಗಿರಾಜರ ನಗು ಅರ್ಧಕ್ಕೆ ನಿಂತಿತು. “ಅರೆ, ಪೇಟೆಂಟ್ ಸಿಕ್ಕದಲ್ರಿ ಇದಕ್ಕ? ಸರ್ಕಾರಾನ ಒಪ್ಪ್ಯದ.”

“ಪೇಟೆಂಟ್ ಅಂದ್ರ ಇದು ಹೊಸಾದು ಅಂತ ಅಷ್ಟ ರೀ. ಇದರ ಬಾಜೂಕ ಮನಷ್ಯಾ ನಿಂದರಬಹುದು ಅಂತಲ್ಲ.”

ಇಷ್ಟು ವರ್ಷದ ಕನಸಿನ ಬಗ್ಗೆ ಇದೇ ಮೊದಲ ಸಲ ಅವಳು ಹೀಗೆ ಮಾತಾಡಿದ್ದು.

“ಮತ್ತ ಸ್ಪಿರಿಟ್ ಎಲ್ಲಿಂದ ಬಂತು? ಖಾಲಿ ಇತ್ತಲ್ಲ ಡ್ರೈಯರು?”

ಸೋನಾಲಿಯ ಬೆರಳು ನಿಲುವಂಗಿಯ ಗುಂಡಿಯನ್ನು ತಿರುಚುತ್ತಿತ್ತು. “ಅರಿವಿ ನಾ ಇಟ್ಟಿದ್ನಿರಿ,” ಅಂದಳು ಕೊನೆಗೆ. “ಗೆಳತಿ ಬರ್ತಾಳಂತ ಸ್ವಚ್ಛ ಮಾಡೀನ್ರಿ.”

“ಶಾಬ್ಬಾಸ್,” ಅಂದರು ಯೋಗಿರಾಜ, ಕಹಿಯಾಗಿ. ಆಮೇಲೆ ಆ ಕಂದಿದ ಬಟ್ಟೆಯನ್ನು ಎತ್ತಿ ಮೂಸಿ ನೋಡಿದರು. “ನಾಳಿ ಮುಂಜಾನೆ ಆಫೀಸಿಗಿ ಬಾ. ಮಾತಾಡೂನು.” ಅದು ಬೈಗಳೋ ಕ್ಷಮೆಯೋ ತಿಳಿಯದಂತೆ ಅವರು ಹೊರಟುಹೋದರು.

ಸೋನಾಲಿ ಗೋಡೆಗೆ ಒರಗಿದಳು. “ನೌಕರಿ ಉಳದ್ರ ನಾಳಿ ನಾ ಮತ್ತ ಈ ಬಾಗಲದಾಗs ನಿಂದರಬೇಕಲೇ ಶ್ರೀ.”

“ಗೊತ್ತದ.”

“ಫ್ಯಾನಿಗಿ ಬ್ಯಾರೆ ಲೈನ್ ಆಗೂ ತನಕ ಏನ್ ಮಾಡೂದು?”

“ಅದಾಗೂ ತನಕ ಈ ಕೇಬಲ್ ಇಲ್ಲಿ ಇರೂದಿಲ್ಲ.”

ಶ್ರೀಲೇಖಾ ಕಟ್ಟರ್ ಕೇಳಿ ಇಸಿದುಕೊಂಡಳು. ಯುವರಾಜನಿಂದ ಪ್ಯಾನಲ್ಲಿನ ಫ್ಯೂಸು ಕೀಳಿಸಿ, ಅದನ್ನು ಅಂಗೈಯಲ್ಲೇ ಹಿಡಿದು ತನ್ನೆದುರು ನಿಲ್ಲುವಂತೆ ಹೇಳಿದಳು. ಹಸಿರು ಕೇಬಲ್ಲಿನ ಮುಂದೆ ಮೊಣಕಾಲೂರಿ ಕೂತು ಟೆಸ್ಟರ್ ಹಚ್ಚಿದಳು. ಬೆಳಕಿಲ್ಲ. ಮತ್ತೊಮ್ಮೆ ಹಚ್ಚಿದಳು. ಬೆಳಕಿಲ್ಲ. ಆದರೂ ಕಟ್ಟರಿನ ಬಾಯಿ ಒತ್ತುವಾಗ ಅವಳು ಮುಖ ಆಚೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.