ಕೆಂಪು ದಾರದ ಗುಂಡಿ

ಟಿಕ್ ಎಂದಿತು, ಸೂಜಿಯ ಮೊನೆಗೆ ಏನೋ ತಾಕಿತು, ಬಟ್ಟೆಯಲ್ಲ, ಬಟ್ಟೆ ಹೀಗೆ ಸದ್ದು ಮಾಡುವುದಿಲ್ಲ, ಸೂಜಿಯನ್ನು ನುಂಗಿಕೊಂಡು ಸುಮ್ಮನಿರುತ್ತದೆ, ಇದು ಗಟ್ಟಿ, ಅನ್ನದಲ್ಲಿ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ, ಇನ್ನೊಂದು ಸಲ ಚುಚ್ಚಿದೆ, ಮತ್ತೆ ಟಿಕ್, ಹೆಬ್ಬೆರಳಿಂದ ಒತ್ತಿ ನೋಡಿದೆ, ದುಂಡಗಿದೆ, ತೆಳ್ಳಗಿದೆ, ಒತ್ತಿದರೆ ಜಾರುತ್ತದೆ, ಆದರೆ ಇದ್ದ ಜಾಗ ಬಿಟ್ಟು ಹೋಗುವುದಿಲ್ಲ — ಗುಂಡಿ, ಅಂಗಿಯ ಗುಂಡಿ. ಕೂಸಿಗೆ ಹಾಸಲು ಹಳೆ ಬಟ್ಟೆ ಪೇರಿಸಿ ಹೊಲಿಯುತ್ತಿರುವ ಈ ಬೊಂತೆಯ ಹೊಟ್ಟೆಯಲ್ಲಿ ಗುಂಡಿ ಇರಬಾರದು. ಮೇಲೊಂದು ನನ್ನ ಹಸಿರು ಸೀರೆ, ಕೆಳಗೊಂದು ನನ್ನ ಬಾಳೆಕಾಯಿ ಬಣ್ಣದ ಸೀರೆ, ನಡುವೆ ನಮ್ಮ ಯಜಮಾನರ ಎರಡು ಹಳೆಯ ಪಂಚೆ, ಎಲ್ಲಕ್ಕಿಂತ ಒಳಗೆ ಅವರ ನೀಲಿ ಗೆರೆಯ ಅಂಗಿ, ಕತ್ತರಿ ಹಾಕದೆ ಇಡಿಯಾಗಿ ಹಾಸಿದ್ದೇನೆ, ತೀರಿಹೋದ ತಾತನ ಅಂಗಿ ಹೊಟ್ಟೆಯಲ್ಲಿದ್ದರೆ ಮೊಮ್ಮಗು ತಾತನ ತೊಡೆಯ ಮೇಲೆ ಮಲಗಿದ ಹಾಗೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು, ಅದರ ಗುಂಡಿಗಳನ್ನು ನಾನೇ ಹಲ್ಲಿನಿಂದ ಕಡಿದು ತೆಗೆದಿದ್ದೇನೆ, ಕೂಸಿನ ಬೆನ್ನಿಗೆ ಒತ್ತೀತು ಎಂದು, ಯುಗಾದಿಯ ಹಿಂದಿನ ವಾರ, ಇದೇ ಜಗಲಿಯ ಮೇಲೆ, ಅವರದೇ ನಶ್ಯದ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ದೇನೆ. ಒಂದು ಉಳಿದುಹೋಗಿರಬೇಕು. ಹೌದು, ಒಂದು ಉಳಿದಿರಬೇಕು, ಕಣ್ಣಿಗೆ ವಯಸ್ಸಾಯಿತು, ಎದ್ದು ಒಳಗೆ ಹೋಗಿ ಗೂಡಿನಿಂದ ಡಬ್ಬಿ ತೆಗೆದು ಅಂಗೈಗೆ ಸುರಿದುಕೊಂಡೆ, ನಶ್ಯದ ಘಾಟಿಗೆ ಸೀನು ಬಂತು, ಒಂದು, ಎರಡು, ಮೂರು, ನಾಲ್ಕು, ಐದು. ಅಂಗಿಗೆ ಇದ್ದದ್ದೇ ಐದು. ಇನ್ನೊಂದು ಸಲ ಎಣಿಸಿದೆ. ಐದೇ. ಮಲ್ಲಾಜಮ್ಮ ಎದುರು ಜಗಲಿಯಲ್ಲಿ ಮೊರದಲ್ಲಿ ರಾಗಿ ಕೇರುತ್ತಾ ನೋಡುತ್ತಾಳೆ, ಏನಕ್ಕಯ್ಯ, ಬೊಂತೆ ಬುಟ್ಟು ನಶ್ಯ ಏರುಸ್ತಿದ್ದೀಯಾ, ಗಾಡಿ ಬರೋ ಒತ್ತಾಯ್ತು ಕಣಕ್ಕಯ್ಯ, ಕೂಸಿನ್ನ ಬರೀ ನೆಲದ ಮ್ಯಾಲೆ ಮಲಗ್ಸೀಯ. ಅವಳ ಬಾಯಿ, ಮೊರ, ಎರಡೂ ಒಟ್ಟಿಗೇ ಆಡಬೇಕು. ಅವಳದೂ ಒಂದು ಬೊಂತೆ ನನ್ನ ಹತ್ತಿರ ಅರ್ಧಕ್ಕೆ ನಿಂತಿದೆ, ಇಲಿ ಕಡಿದ ಸೀರೆ, ತೂತಿಗೊಂದು ತೇಪೆ ಹಾಕುವಷ್ಟರಲ್ಲಿ ತೇಪೆಯೇ ಸೀರೆಯಾಗಿದೆ, ನನಗೆಂದು ಶುರು ಮಾಡಿದ್ದು ನಾಲ್ಕು ವರ್ಷದಿಂದ ಮೂರು ಮೂಲೆಯಲ್ಲೇ ಇದೆ, ಅದು ಇರಲಿ, ಇದು, ಇದು ಇವತ್ತು ದೀಪ ಹಚ್ಚುವುದರೊಳಗೆ ಮುಗಿಯಬೇಕು, ಸೊಸೆ ಬೀರಮ್ಮ ಭೇರ್ಯದ ತವರಿನಿಂದ ಐದು ತಿಂಗಳ ಕೂಸನ್ನು ಕರೆದುಕೊಂಡು ಬರುತ್ತಿದ್ದಾಳೆ, ನಿನ್ನೆ ಗಾವಡಗೆರೆಯಲ್ಲಿ ನೆಂಟರ ಮನೆಯಲ್ಲಿ ಉಳಿದು ಇವತ್ತು ಬೆಳಿಗ್ಗೆಯೇ ಹೊರಟಿರುತ್ತಾರೆ, ಕೂಸು ಹೊಸಿಲು ದಾಟಿದ ಕೂಡಲೇ ಮಲಗಬೇಕಾದದ್ದು ಇದರ ಮೇಲೆ. ನಾಲ್ಕು ಬದಿಯಿಂದಲೂ ಹೊಲಿಗೆ ಸುತ್ತಿಕೊಂಡು ಸುತ್ತಿಕೊಂಡು ಒಳಕ್ಕೆ ಬಂದಿದೆ, ಹೊಕ್ಕಳೊಂದು ಬಾಕಿ, ಒಂದು ಗೇಣಿನಷ್ಟು ನಡು, ಅದು ಮುಚ್ಚಿದರೆ ಮುಗಿಯಿತು. ಆ ಒಂದು ಗೇಣಿನೊಳಗೆ ಗುಂಡಿ.

ಒಂದೇ ಥಾನು, ಒಂದೇ ಬಟ್ಟೆ. ಜಾನ್ ಪಾಷಾ ಸಾಬರು ಹುಣಸೂರಿನ ತಮ್ಮ ಅಂಗಡಿಯಲ್ಲಿ ಅಳತೆಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ನಕ್ಕಿದ್ದರು, ಅಪ್ಪಂಗೂ ಮಗಂಗೂ ಒಂದೇ ಥಾನಲ್ಲಿ ಹೊಲಿಸ್ತಿದ್ದೀರಿ ಅಮ್ಮಾ, ಕತ್ತಲಲ್ಲಿ ಅದಲುಬದಲಾದ್ರೆ ನನ್ನ ಕೇಳ್ಬೇಡಿ, ಮಗ ಮಾದನ ಮದುವೆಗೆ, ನೀಲಿ ಗೆರೆ, ಬಿಳಿ ಗುಂಡಿ, ಇವರು ಹಾಕಿಕೊಂಡು ಕನ್ನಡಿ ಮುಂದೆ ನಿಂತು ಮದುಮಗ ನಾನೋ ಅವನೋ ಎಂದಿದ್ದರು, ಆ ಪುಣ್ಯಾತ್ಮರು ಹೋಗಿ ಒಂದು ವರ್ಷ, ಅಂಗಿ ಎರಡೂ ಒಂದೇ ಪೆಟ್ಟಿಗೆಯಲ್ಲಿ, ಒಂದರ ಮೇಲೊಂದು, ಗುಂಡಿ ತೆಗೆದ ಮೇಲೆ ನಾನೇ ಮಡಿಸಿಟ್ಟದ್ದು, ಅವರದು ಕೆಳಗೆ, ಮಾದನದು ಮೇಲೆ — ಮಾದನದು ಮೇಲೆಯೋ, ಕೆಳಗೋ — ಬೇಡ, ಹೀಗೆ ಯೋಚಿಸಿದರೆ ತಲೆ ತಿರುಗುತ್ತದೆ, ನೋಡಿಯೇ ಬಿಡೋಣ, ಸೊಪ್ಪು ಕೊಯ್ಯುವ ಕುಡುಗೋಲು ತಂದೆ, ಹಸಿರು ಸೀರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಗುಂಡಿಯ ನೆತ್ತಿಯ ಮೇಲೆ ಒಂದು ಅಂಗುಲ ಸೀಳಿದೆ, ಅದರ ಕೆಳಗಿನ ಪಂಚೆಯನ್ನೂ, ಅವಸರಕ್ಕೆ ಸ್ವಲ್ಪ ಹೆಚ್ಚೇ ಹರಿಯಿತು, ಬೆರಳಿಟ್ಟು ಅಗಲಿಸಿದೆ. ಬಿಳಿ ಗುಂಡಿ. ಕೆಂಪು ದಾರ. ಇನ್ನು ಹೇಳುವುದೇನಿದೆ. ಮದುವೆಯಾದ ಹೊಸತರಲ್ಲಿ ಮಾದನ ಅಂಗಿಯ ನಡುವಿನ ಗುಂಡಿ ಉದುರಿತ್ತು, ಬೀರಮ್ಮ ನನ್ನನ್ನು ಬಿಳಿ ದಾರ ಕೇಳಲು ನಾಚಿ ತನ್ನ ರವಿಕೆಯ ಅಂಚಿನಿಂದ ಕೆಂಪು ದಾರ ಎಳೆದು ಹೊಲಿದು ಕೊಟ್ಟಿದ್ದಳು, ಊರ ಹುಡುಗರೆಲ್ಲ ನಕ್ಕರು, ನಾನೂ ಬಿಚ್ಚಿ ಬೇರೆ ಹಾಕಿಕೊಡುತ್ತೇನೆ ಎಂದೆ, ಬ್ಯಾಡ ಬುಡವ್ವಾ, ಎದೆಗೆ ಕುಂಕುಮ ಇಟ್ಟಂಗದೆ, ಇರ್ಲಿ ಎಂದಿದ್ದ. ಕುಂಕುಮದ ಹಾಗೆಯೇ ಇದೆ. ಹರಿದ ಹಸಿರಿನ ನಡುವೆ ಕಣ್ಣು ಬಿಟ್ಟ ಹಾಗೆ ಇದೆ. ನೋಡದೆ ಹಾಸಿದೆ, ಮಲ್ಲಾಜಮ್ಮನ ಮಾತಿಗೆ ಹೂಂಗುಟ್ಟುತ್ತಾ ಪೆಟ್ಟಿಗೆಗೆ ಕೈ ಹಾಕಿ, ನೀಲಿ ಗೆರೆ ಕಂಡಿತೆಂದು, ಬಿಚ್ಚಿದ ಅಂಗಿಯ ಮೇಲಿನ ಪಟ್ಟಿ ಗುಂಡಿಗಳನ್ನು ಮುಚ್ಚಿತ್ತೋ, ಉಳಿದವು ಹೊಲಿಗೆಯ ಸಾಲುಗಳ ನಡುವೆ ಸೂಜಿಗೆ ತಪ್ಪಿದವೋ ಏನೋ, ಸವರಿ ನೋಡಬಾರದಿತ್ತೇ, ನಲವತ್ತು ವರ್ಷ ಬೊಂತೆ ಹೊಲಿದ ಕೈಯಲ್ಲವೇ ಇದು, ಬದುಕಿರುವ ನನ್ನ ಮಗನ ಅಂಗಿಯನ್ನು ಸತ್ತವರ ಜಾಗದಲ್ಲಿ ಹಾಸಿ ಸುತ್ತ ಹೊಲಿದುಬಿಟ್ಟೆ.

ದೂರ ಹೋದವರ ಬಟ್ಟೆಯನ್ನು ಬೊಂತೆಯ ಹೊಟ್ಟೆಗೆ ಹಾಕಬಾರದು, ಅತ್ತೆ ಮೊದಲು ಕಲಿಸಿದ ಮಾತು ಅದು, ಸೂಜಿ ಹಿಡಿಯುವುದನ್ನು ಆಮೇಲೆ ಕಲಿಸಿದರು, ಮನೇಲಿದ್ದೋರ್ದು ಹಾಕು, ಸತ್ತೋರ್ದು ಹಾಕು, ಹೊಸಿಲು ದಾಟಿ ಹೋಗಿರೋರ್ದು ಮುಟ್ಬ್ಯಾಡ ಕಣೆ, ಬಟ್ಟೆ ಒಳಗೆ ಸಿಕ್ಕಂಡ್ರೆ ಒಡೇರ್ಗೆ ದಾರಿ ಮರ್ತೋಯ್ತದೆ. ಮಾದ ಎಲ್ಲಿದ್ದಾನೆ, ಕೋಟೆ ಕಡೆಯ ಕಾಡಿನಲ್ಲಿ, ಆನೆ ಹಿಡಿಯುವ ಖೆಡ್ಡಾಕ್ಕೆ ಮರದ ಬೇಲಿ ಕಟ್ಟುತ್ತಿದ್ದಾರೆ, ದಿಮ್ಮಿ ಎಳೆಯಲು ನಮ್ಮ ಎತ್ತು ಗಾಡಿಯನ್ನು ಗೊತ್ತು ಮಾಡಿಕೊಂಡು ಹೋದರು, ಹದಿನೆಂಟು ದಿನವಾಯಿತು, ಕೂಸು ಬರೋ ದಿನಕ್ಕೆ ಬಂದೇ ಬತ್ತೀನಿ ಕಣವ್ವಾ ಎಂದವನು ಇನ್ನೂ ಬಂದಿಲ್ಲ, ಬೆಳಿಗ್ಗೆಯಿಂದ ದಾರಿ ನೋಡುತ್ತಲೇ ಹೊಲಿದಿದ್ದೇನೆ, ಬಂದಿಲ್ಲವಲ್ಲ ಎನ್ನುವುದಕ್ಕೂ ಟಿಕ್ ಎನ್ನುವುದಕ್ಕೂ — ಇಲ್ಲ, ಹಾಗೆಲ್ಲ ಇಲ್ಲ, ರಾತ್ರಿ ಶಾಲೆಯ ಮೇಷ್ಟ್ರು ಏನು ಹೇಳಿದ್ದರು, ಅಕ್ಷರ ಬಂದ ಮೇಲೆ ಇಂಥದ್ದನ್ನೆಲ್ಲ ಬಿಡಬೇಕು ಅಜ್ಜಿ ಎಂದಿದ್ದರು, ಸ್ಲೇಟಿನ ಮೇಲೆ ಎಷ್ಟು ತಿದ್ದಿದರೂ ಬಾರದ ‘ಅ’ ನನಗೆ ಸೂಜಿಯಲ್ಲಿ ಬಂತು, ಹರಿದ ಬಟ್ಟೆಯ ಮೇಲೆ ಹೊಲಿದುಕೊಂಡು ಹೋಗಿ ತೋರಿಸಿದರೆ ಮೇಷ್ಟ್ರು ಲಾಟೀನಿನ ಹತ್ತಿರ ಹಿಡಿದು ನೋಡಿ ಎಲ್ಲರಿಗೂ ತೋರಿಸಿದರು, ಈಗ ಅಂಗಡಿಯ ಬೋರ್ಡು ಓದುತ್ತೇನೆ, ಗೋಡೆಗೆ ಅಂಟಿಸಿದ ಸರ್ಕಾರದ ಕಾಗದ ಓದುತ್ತೇನೆ, ಆದರೂ ಬಿಡಲಿಲ್ಲವಲ್ಲ, ಅಕ್ಷರ ತಲೆಗೆ ಹೋಯಿತು, ಅತ್ತೆಯ ಮಾತು ಅದಕ್ಕೂ ಮೊದಲೇ ಬೆರಳಿಗೆ ಹೋಗಿತ್ತು. ಬಿಚ್ಚಿಬಿಡಲೇ. ಸುತ್ತೆಲ್ಲ ಕಿತ್ತು ಅಂಗಿಯನ್ನು ಎಳೆದು ಕೊಡವಿ ಗೂಟಕ್ಕೆ ಹಾಕಿದರೆ, ಹೊತ್ತೂ ಇಲ್ಲ, ಅದಲ್ಲ, ಹೊತ್ತಲ್ಲ, ಕೂಸಿಗೆಂದು ಹೊಲಿದ ಬೊಂತೆಯನ್ನು ಬಿಚ್ಚಬಾರದು, ಅದೂ ಅತ್ತೆಯ ಮಾತೇ, ಬಿಚ್ಚಿದರೆ ಕೂಸಿನ ಮೈ ಗಟ್ಟಿಯಾಗುವುದಿಲ್ಲ, ಒಮ್ಮೆ ನಾನೇ ಬಿಚ್ಚಿದ್ದೆ, ಮಾದನಿಗಿಂತ ಮೊದಲಿನದಕ್ಕೆ, ಅಂಚು ಸೊಟ್ಟಗಾಯಿತೆಂದು, ಬರೀ ಅಂಚು ಸೊಟ್ಟಗಾಯಿತೆಂದು, ಆ ಕೂಸು ಮೂರು ತಿಂಗಳು ದಾಟಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಆ ವರ್ಷ ಊರೆಲ್ಲ ಜ್ವರ, ಸಂಬಂಧವಿಲ್ಲ, ಆದರೆ ಕೈ ಬರುತ್ತಿಲ್ಲ. ಬಿಚ್ಚಿದರೆ ಕೂಸು, ಮುಚ್ಚಿದರೆ ಮಗ, ಸೂಜಿ ಬೆರಳಲ್ಲಿ ಬೆವರಿಗೆ ಜಾರುತ್ತಿದೆ.

ಜೇನು ಬೇಕಾ ಅವ್ವಾ. ಬೆಚ್ಚಿ ತಲೆ ಎತ್ತಿದರೆ ಕುಳ್ಳ, ಕಾಡಂಚಿನ ಹಾಡಿಯವನು, ಹೆಗಲಲ್ಲಿ ಸೋರೆಬುರುಡೆ, ಹುಣಸೂರಿನ ಸಂತೆಗೆ ಹೋಗುವಾಗಲೆಲ್ಲ ನಮ್ಮ ಜಗಲಿಯಲ್ಲಿ ನೀರು ಕುಡಿದು ಹೋಗುವವನು, ಅವನೂ ಖೆಡ್ಡಾದಲ್ಲಿ ಆನೆಯ ಜಾಡು ತೋರಿಸುತ್ತಿದ್ದ, ಜೇನು ಹಾಳಾಗಲಿ ಕುಳ್ಳಾ, ನಮ್ಮ ಮಾದನ್ನ ಕಂಡ್ಯಾ ಎಂದೆ. ಕಂಡೆ ಕಣವ್ವಾ, ಮೊನ್ನೆ ಬೈಗಲ್ಲಿ ಕಂಡೆ, ಚೆಂದಾಗವ್ನೆ. ಎದೆಯ ಭಾರ ಇಳಿಯಿತು, ಆ ಒಂದು ಗಳಿಗೆ ಇಳಿಯಿತು, ಕುಳ್ಳ ಚೊಂಬಿನ ನೀರು ಎತ್ತಿ ಕುಡಿದು ಬಾಯೊರೆಸಿಕೊಂಡು ನಗುತ್ತಾನೆ, ಅವನ ಅಂಗೀದೇ ಒಂದು ಕಥೆ ಅವ್ವಾ, ಒಂದು ಗುಂಡೀನೂ ಇಲ್ಲ, ಎದೆ ಮ್ಯಾಲೆ ಅಲ್ಲಲ್ಲಿ ನಾರು ಕಟ್ಕಂಡು ತಿರುಗ್ತಾವ್ನೆ, ಎಡ್ತಿ ತೌರಿಗೋದ್ರೆ ಗಂಡ್ಸಿನ ಬಾಳು ಇಂಗೇಯ ಅಂತ ಮಾವ್ತರೆಲ್ಲ ರೇಗುಸ್ತಾವ್ರೆ. ಮಲ್ಲಾಜಮ್ಮ ಮೊರ ಕೆಳಗಿಟ್ಟು ಘೊಳ್ಳೆಂದು ನಕ್ಕಳು. ಗುಂಡಿಯಿಲ್ಲದ ಅಂಗಿ. ನೀಲಿ ಗೆರೆಯದಾ ಕುಳ್ಳಾ ಎಂದು ಕೇಳಿದೆ, ಕೇಳಬಾರದಿತ್ತು, ಊಂ ಕಣವ್ವಾ, ನೀಲಿ ಗೆರೆ. ಮಾದ ಹೊರಟ ದಿನ ಕೋಳಿ ಕೂಗುವ ಹೊತ್ತು, ನಾನು ಕೊಟ್ಟಿಗೆಯಲ್ಲಿ ಎಮ್ಮೆಯ ಕೆಚ್ಚಲು ತೊಳೆಯುತ್ತಿದ್ದೆ, ಅವ್ವಾ ನನ್ನ ಅಂಗಿ ಎಲ್ಲವ್ವಾ, ಪೆಟ್ಟಿಗೇಲದೆ ತಕ್ಕೊಳೋ, ಎದ್ದು ಬಂದು ಕೊಡಲಿಲ್ಲ, ಎಮ್ಮೆ ಒದ್ದೀತೆಂದು, ಹಿಂದಿನ ದಿನವಷ್ಟೇ ನಾನು ಬೊಂತೆಗೆ ಬಟ್ಟೆ ಹಾಸಿದ್ದು, ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ, ಅದನ್ನೇ ತೊಟ್ಟು ಕಂಬಳಿ ಹೊದ್ದು ಗಾಡಿ ಏರಿದ, ಗುಂಡಿಯಿಲ್ಲದ್ದು ಗೊತ್ತಾಗುವ ಹೊತ್ತಿಗೆ ಗಾಡಿ ಎಷ್ಟು ದೂರ ಹೋಗಿತ್ತೋ. ಅಪ್ಪನ ಅಂಗಿ. ಮಗನದು ಇಲ್ಲಿ ಸತ್ತವರ ಜಾಗದಲ್ಲಿ, ಸತ್ತವರದು ಅಲ್ಲಿ ಮಗನ ಮೈಮೇಲೆ. ಮಾದ ಬರಲಿಲ್ಲವೇಕೆ ಕುಳ್ಳಾ, ನಿನ್ನ ಜೊತೆ ಬರಬಹುದಿತ್ತಲ್ಲ, ಎಂದೆ. ಕುಳ್ಳ ಚೊಂಬು ಕೆಳಗಿಟ್ಟ. ನಾ ನೆನ್ನೆ ಅಲ್ಲಿರ್ನಿಲ್ಲ ಕಣವ್ವಾ, ದಾರೀಲಿದ್ದೆ, ಇವತ್ತು ಬೆಳಿಗ್ಗೆ ನನ್ ಹಿಂದ್ಲಿಂದ ಬಂದ ಗಾಡಿಯೋರು ಅಂತಿದ್ರು, ಒಂಟಿ ಸಲಗ ಒಂದು ಬೇಲಿ ಮುರ್ಕಂಡು ನುಗ್ತಂತೆ, ಇಬ್ರು ಸಿಕ್ಕಾಕ್ಕಂಡ್ರಂತೆ. ಯಾರು. ಯಾರೋ ಅವ್ವಾ, ಹೆಸ್ರು ಹೇಳ್ನಿಲ್ಲ, ಇನ್ನೂರು ಮುನ್ನೂರು ಜನ ಅವ್ರೆ ಅಲ್ಲಿ, ನಿಮ್ಮಗ ಯಾಕಾದಾನು ಬುಡಿ. ಯಾಕಾದಾನು. ಮುನ್ನೂರು ಜನ. ಕುಳ್ಳ ಹೋದ, ಜೇನು ಕೊಂಡೆನೋ ಇಲ್ಲವೋ, ಜಗಲಿಯ ಮೇಲೆ ಒಂದು ಹನಿ ಬಿದ್ದಿದೆ, ಇರುವೆ ಬರುತ್ತಿದೆ, ಮಲ್ಲಾಜಮ್ಮ ಈಗ ನಗುತ್ತಿಲ್ಲ, ಎದ್ದು ಬಂದು ನನ್ನ ಪಕ್ಕ ಕುಳಿತಿದ್ದಾಳೆ, ಸೆರಗಿನ ತುದಿಯಿಂದ ಜೇನಿನ ಹನಿಯನ್ನು ಒರೆಸುತ್ತಿದ್ದಾಳೆ.

ಬಿಚ್ಚುವುದಿಲ್ಲ, ಮುಚ್ಚುವುದೂ ಇಲ್ಲ. ಹೌದು, ಅದೇ ಸರಿ, ಹೊಕ್ಕಳು ತೆರೆದೇ ಇರಲಿ, ಸೀಳಿದ ಅಂಚನ್ನು ಒಳಕ್ಕೆ ಮಡಿಸಿ ಸುತ್ತ ಸಣ್ಣಗೆ ಕಟ್ಟು ಹೊಲಿಗೆ ಹಾಕುತ್ತೇನೆ, ಗುಂಡಿ ಹೊರಗೆ ಕಾಣುತ್ತಿರಲಿ, ಒಳಗೆ ಸಿಕ್ಕಿಕೊಂಡದ್ದಲ್ಲ, ಉಸಿರಾಡುತ್ತಿದೆ, ಹೊರಗೆ ಇಣುಕಿ ದಾರಿ ನೋಡುತ್ತಿದೆ, ಅತ್ತೇ ನೀವು ಬಿಚ್ಚಬೇಡ ಎಂದಿರಿ, ಬಿಚ್ಚಿಲ್ಲ, ಸಿಕ್ಕಿಸಬೇಡ ಎಂದಿರಿ, ಇಗೋ ಬಾಗಿಲು ಬಿಟ್ಟಿದ್ದೇನೆ, ಅವನು ಬಂದ ಮೇಲೆ ಅವನ ಕೈಯಲ್ಲೇ ಕೊನೆಯ ಹೊಲಿಗೆ ಹಾಕಿಸಿ ಮುಚ್ಚುತ್ತೇನೆ. ಕೈ ಚುರುಕಾಗಿದೆ, ಬೆರಳಿಗೆ ಚುಚ್ಚಿಕೊಂಡರೂ ನೋವಿಲ್ಲ, ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟೆ, ಅಷ್ಟರಲ್ಲಿ ಗಂಟೆಯ ಸದ್ದು, ನಮ್ಮ ಎತ್ತಿನ ಗಂಟೆಯಲ್ಲ, ನಮ್ಮದು ಒಡಕು, ಇದು ಭೇರ್ಯದ ಬೀಗರ ಗಾಡಿ, ಮಲ್ಲಾಜಮ್ಮ ಆರತಿಗೆ ಓಡಿದಳು, ಬೀರಮ್ಮ ಇಳಿದಳು, ಮೈ ತುಂಬಿಕೊಂಡಿದ್ದಾಳೆ, ಕೆನ್ನೆ ಹೊಳೆಯುತ್ತಿದೆ, ಕೂಸು ಅವಳ ಭುಜದ ಮೇಲಿಂದ ನನ್ನನ್ನೇ ನೋಡುತ್ತದೆ, ಅದೇ ಹಣೆ, ಅದೇ ನಮ್ಮ ಯಜಮಾನರ ಹಣೆ, ಆರತಿ ಆಯಿತು, ಹೊಸಿಲು ದಾಟಿತು, ಬೀರಮ್ಮನ ಕಣ್ಣು ಮಾತ್ರ ಕೂಸಿನ ಕಡೆಗಿಲ್ಲ, ಹಿತ್ತಲು, ಕೊಟ್ಟಿಗೆ, ಕಂಬಳಿ ಇಲ್ಲದ ಬರೀ ಗೂಟ, ಎಲ್ಲ ಸುತ್ತಿ ಬಂತು, ಅವರಿನ್ನೂ ಬಂದಿಲ್ವಾ ಅತ್ತೆ. ಬತ್ತಾನೆ ಕಣವ್ವ, ನಾಳೆ ಬತ್ತಾನೆ, ಕೂಸಿನ್ನ ಮಲಗ್ಸು ಎಂದೆ, ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು, ಬೊಂತೆ ಹಾಸಿದೆ, ಕೂಸನ್ನು ಬೋರಲು ಮಲಗಿಸಿದಳು, ಕೂಸು ತಲೆ ಎತ್ತಿ ಹಸಿರನ್ನು ತಡವಿತು, ಬೀರಮ್ಮ ಬಾಗಿ ಚೆಂದಾಗದೆ ಅತ್ತೆ ಎಂದು ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಆಡಿಸುತ್ತಾ ನಡುವಿಗೆ ಬಂದಳು, ಬೆರಳು ನಿಂತಿತು. ಇದು ನಾ ಹೊಲ್ದಿದ್ ಗುಂಡಿ ಅಲ್ವಾ. ಮಲ್ಲಾಜಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ. ಅತ್ತೆ, ಇದು ಅವರ ಅಂಗಿ, ಮತ್ತೆ ಅವರು ಯಾವ್ದು ಹಾಕ್ಕಂಡು ಹೋದ್ರು. ಹೇಳಬೇಕು, ಹೇಳುತ್ತೇನೆ, ಯಾವ್ದು ಹಾಕ್ಕಂಡು ಹೋದ್ರು ಅತ್ತೆ, ಕೂಸಿನ ಕೈ ಗುಂಡಿಯನ್ನು ಕಂಡುಕೊಂಡಿದೆ, ಐದು ಬೆರಳೂ ಸೇರಿಸಿ ಹಿಡಿದಿದೆ, ಎಳೆಯುತ್ತಿದೆ, ಬಿಡು ಎಂದರೆ ಬಿಡುವುದಿಲ್ಲ, ಇಡೀ ಬೊಂತೆಯೇ ಆ ಒಂದು ಕಡೆ ಮೇಲೆದ್ದು ಬರುತ್ತಿದೆ, ದಾರ ಬಿಗಿಯುತ್ತಿದೆ, ರವಿಕೆಯ ಅಂಚಿನ ಹಳೆಯ ದಾರ, ಎಷ್ಟು ತಡೆದೀತು, ಎಳೆಯುತ್ತಿದೆ, ಬಿಳಿ ಗುಂಡಿ, ಕೆಂಪು ದಾರ, ಇನ್ನೂ ಹಿಡಿದಿದೆ, ಕೆಂಪು ದಾರ.