ಅಡ್ಡ ಇಟ್ಟ ಒನಕೆ

ಚಿಕ್ಕೀರಪ್ಪ ಶಾಲೆಯ ಗೇಟಿಗೆ ಜಾಲಿಮುಳ್ಳಿನ ಕೊಂಬೆ ಒತ್ತಿ ಹಗ್ಗ ಬಿಗಿಯುತ್ತಿದ್ದ. ಎರಡು ಸುತ್ತು ಸುತ್ತಿ ಮೂರನೆಯದಕ್ಕೆ ಕೈಹಾಕುವಷ್ಟರಲ್ಲಿ ಚಳ್ಳಕೆರೆಯ ಬಸ್ಸಿಳಿದು ಬಂದ ವಾಣಿಶ್ರೀ ಅವನ ಹಿಂದೆ ನಿಂತಳು.

"ಬಿಚ್ಚಪ್ಪ ಅದನ್ನ."

"ನಂದೇನೈತೆ ಮೇಡಂ. ಗೌಡ್ರು ಕಟ್ಟು ಅಂದ್ರು, ಕಟ್ಟಿದೆ."

ಗೌಡ ರಸ್ತೆಯಾಚೆ ಬೇವಿನ ಕಟ್ಟೆಯ ಮೇಲೆಯೇ ಕೂತಿದ್ದ. ಹಾಲೇಶಪ್ಪ ಎಂದರೆ ಬಂಡೆಹಟ್ಟಿಯಲ್ಲಿ ಅರವತ್ತು ಎಕರೆ ಶೇಂಗಾ ಬೆಳೆಯುವವನು, ಶಾಲಾ ಸಮಿತಿಯ ಅಧ್ಯಕ್ಷ. ತನ್ನ ಮನೆಯ ಮಕ್ಕಳನ್ನು ಪೇಟೆಯ ಕಾನ್ವೆಂಟಿಗೆ ಕಳಿಸಿ, ಹಟ್ಟಿಯ ಮಕ್ಕಳ ಶಾಲೆಯ ಭಾರ ಹೊತ್ತಿದ್ದ ಪುಣ್ಯಾತ್ಮ.

"ಕರಿಯಕ್ಕ ಹೋದ್ಲು ಮೇಡಂ" ಎಂದ ಅವನು, ಕೂತಲ್ಲಿಂದಲೇ. "ಬೆಳಗಿನ ಜಾವ. ಹಂದಿಜ್ವರ. ಹದಿನೈದು ದಿನ ಇಸ್ಕೂಲು ಬಂದ್."

ವಾಣಿಶ್ರೀಯ ಕೈಯಿಂದ ಊಟದ ಡಬ್ಬಿಯ ಚೀಲ ಜಾರಿತು. ಶನಿವಾರ ಸಂಜೆ ಬಸ್ಸಿನವರೆಗೂ ಬಂದು, "ಸೋಮವಾರ ಬೇಗ ಬರ್ರಿ ಮಿಸ್ಸು, ಅವರೆಕಾಳು ಹಾಕಿ ಸಾರು ಮಾಡ್ತೀನಿ" ಎಂದಿದ್ದ ಹೆಂಗಸು. ಶಾಲೆಯ ಬಿಸಿಯೂಟದ ಅಡುಗೆಯವಳು; ಅದಕ್ಕೂ ಮೊದಲು ಇಪ್ಪತ್ತು ವರ್ಷ ಇದೇ ಶಾಲೆಗೆ ನೀರು ಹೊತ್ತವಳು.

"ಹಂದಿಜ್ವರ ಅಂತ ಯಾರಂದ್ರು?"

"ಎರಡು ದಿನ ಮೈ ಬಿಸಿ ಇತ್ತು. ಇನ್ನೇನು ಬೇಕು? ಡಾಕ್ಟ್ರು ಉಬ್ಬಸ ಅಂತ ಚೀಟಿ ಬರ್ದಾರಂತೆ. ಚೀಟಿ ಯಾರು ಬೇಕಾದ್ರೂ ಬರೀತಾರೆ. ಹೆಣ ಊರೊಳಗೆ ತರಂಗಿಲ್ಲ, ಹಳ್ಳದ ದಾರೀಲಿ ಒಯ್ಯಿರಿ ಅಂತ ಹೇಳಿ ಕಳ್ಸೀನಿ."

ಸತ್ತವಳು ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನೂ ಅವನೇ ಹೇಳಬೇಕು. ವಾಣಿಶ್ರೀ ಬಿದ್ದ ಚೀಲ ಎತ್ತಿಕೊಂಡಳು. ಅವಳದು ಇಪ್ಪತ್ತೊಂಬತ್ತು ವಯಸ್ಸು. ಹಳೆಯ ಹೆಡ್‌ಮಾಸ್ಟರು ನಿವೃತ್ತರಾದ ಮೇಲೆ ಪ್ರಭಾರ ವಹಿಸಿಕೊಂಡು ಆರು ತಿಂಗಳು. ಗೌಡ ಒಂದು ಅರ್ಜಿ ಗೀಚಿದರೆ ಆಂಧ್ರದ ಗಡಿಯ ಯಾವ ಮೂಲೆಗೆ ಹಾಕುತ್ತಾರೋ ಎಂಬ ಭಯ ಅವಳಿಗೆ ದಿನವೂ ಇತ್ತು.

ಗೇಟಿನ ಪಕ್ಕದ ಗೋಡೆಗುಂಟ ಮಕ್ಕಳು ಸಾಲಾಗಿ ನಿಂತಿದ್ದವು. ಅರವತ್ಮೂರು ಮಕ್ಕಳು. ಯಾರೂ ಹೇಳದಿದ್ದರೂ ಒಂದೊಂದು ಮಾರು ದೂರ ಬಿಟ್ಟು ನಿಂತಿದ್ದವು. ದಿನವೂ ಗೇಟಿನಲ್ಲಿ ಹಣೆ ಮುಟ್ಟಿ ಒಳಗೆ ಬಿಡುತ್ತಿದ್ದ ಕೈ ಇವತ್ತು ಬಂದಿರಲಿಲ್ಲ. ಅದಕ್ಕೇ ಕಾಯುತ್ತಿದ್ದವು.

*

ಆಗಸ್ಟಿನಲ್ಲಿ ಹಂದಿಜ್ವರದ ಸುದ್ದಿ ಟಿವಿಯಲ್ಲಿ ಬಂದಾಗ ಸರ್ಕಾರ ಶಾಲೆಗೆ ಒಂದು ವಾರ ರಜೆ ಕೊಟ್ಟಿತ್ತು. ವಾರ ಮುಗಿಯಿತು, ರಜೆ ಮುಗಿಯಲಿಲ್ಲ. ಊರಿನವರು ಹೊರಬೀಡು ಹೊರಟರು. ಬೇನೆ ಬಂದಾಗ ಅಲ್ಲಿ ಮೊದಲಿಂದಲೂ ಹಾಗೆಯೇ: ನಸುಕಿನಲ್ಲೇ ಮನೆಮನೆಗೆ ಬೀಗ ಹಾಕಿ, ದನಕರು ಕೋಳಿ ಕುರಿ ಸಮೇತ ಊರಾಚೆ ಹೋಗಿ, ಊರ ಬಾಗಿಲಿಗೆ ಮುಳ್ಳು ಬಡಿದು, ಇಡೀ ದಿನ ಮರದಡಿ ಅಟ್ಟುಂಡು ಸಂಜೆಗೆ ವಾಪಸು. ಬರುವಾಗ ಊರ ಬಾಗಿಲಲ್ಲಿ ಅಡ್ಡ ಇಟ್ಟ ಒನಕೆ ದಾಟಿ, ಬೇವಿನ ನೀರು ಚಿಮುಕಿಸಿಕೊಂಡು ಒಳಗೆ ಕಾಲಿಡಬೇಕು. ಒನಕೆ ದಾಟಿದವರ ಹಿಂದೆ ಬೇನೆ ಬರುವುದಿಲ್ಲ ಎಂದು ನಂಬಿಕೆ.

ಊರ ಬಾಗಿಲ ಮುಳ್ಳು ಅವತ್ತೇ ತೆಗೆದರು. ಶಾಲೆಯ ಗೇಟಿಗೆ ಬಡಿದ ಮುಳ್ಳು ಹಾಗೇ ಉಳಿಯಿತು. ಗೌಡ ತೆಗೆಯಲು ಬಿಡಲಿಲ್ಲ, ಮಕ್ಕಳ ಜೀವದ ಪ್ರಶ್ನೆ ಎಂದ. ಮಕ್ಕಳ ಜೀವದ ಮೇಲೆ ಅಷ್ಟು ಕಾಳಜಿ ಇದ್ದವನು ಅದೇ ಮಕ್ಕಳನ್ನು ತನ್ನ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಕರೆದ. ಒಂದೇ ಟ್ರ್ಯಾಕ್ಟರಿನಲ್ಲಿ ಮೂವತ್ತು ಮಕ್ಕಳನ್ನು ತುಂಬಿಕೊಂಡು ಹೋಗುವಾಗ ಜ್ವರದ ನೆನಪು ಅವನಿಗೆ ಬರಲಿಲ್ಲ.

ಮೂರನೆಯ ವಾರ ಕರಿಯಕ್ಕ ಚಳ್ಳಕೆರೆಗೆ ಬಸ್ಸು ಹತ್ತಿ ವಾಣಿಶ್ರೀಯ ಮನೆಯ ಬಾಗಿಲಿಗೆ ಹೋದಳು.

"ಮಿಸ್ಸು, ಇಸ್ಕೂಲು ತೆಗೀರಿ."

"ಮಕ್ಕಳಿಗೆ ಏನಾದ್ರೂ ಆದ್ರೆ ನನ್ನ ತಲೆ ಮೇಲೆ ಬರುತ್ತೆ ಕರಿಯಕ್ಕ."

"ಮುಚ್ಚಿದ್ರೂ ಆಗ್ತೈತೆ, ಅದನ್ಯಾರೂ ಲೆಕ್ಕ ಹಿಡಿಯಲ್ಲ. ನಾಕು ಹೆಣ್ಣುಮಕ್ಕಳು ಕೂಲಿ ರುಚಿ ಹಿಡ್ದಾವೆ. ಒಂದಕ್ಕೆ ಗಂಡು ನೋಡ್ತಾವ್ರೆ. ಹೆಂಗೆ ತೆಗೀಬೇಕು ಅಂತ ನಾನು ಹೇಳ್ತೀನಿ. ಕೇಳ್ರಿ."

ಅವಳು ಹೇಳಿದ್ದು ಸುಲಭವಾಗಿತ್ತು. ಊರು ಹೊರಬೀಡು ಹೋಗುವಂತೆ ಶಾಲೆಯೂ ಹೋಗಲಿ. ಕೋಣೆಯಲ್ಲಿ ಯಾರೂ ಕೂರುವುದು ಬೇಡ. ಹೊಂಗೆ ಮರದಡಿ ಅರ್ಧ ಮಕ್ಕಳು, ಜಗಲಿಯ ಮೇಲೆ ಅರ್ಧ. ಕೈ ಚಾಚಿದರೆ ಮುಂದಿನವರ ಬೆನ್ನು ತಾಕಬಾರದು. ಗೇಟಿನಲ್ಲಿ ಒನಕೆ. ಒನಕೆಯ ಈಚೆ ಸೋಪು ಹಚ್ಚಿ ಕೈ ತೊಳೆಯಬೇಕು, ಹಣೆ ತೋರಿಸಬೇಕು. ಹಣೆ ಬೆಚ್ಚಗಿದ್ದರೆ ಮನೆಗೆ.

"ಒನಕೆ ಯಾಕೆ ಕರಿಯಕ್ಕ?"

"ಸೋಪಿಗೆ ಅಂದ್ರೆ ನಮ್ಮೂರೋರು ಬರಲ್ಲ ಮಿಸ್ಸು. ಒನಕೆಗೆ ಬರ್ತಾರೆ. ಬಂದ ಮೇಲೆ ಸೋಪು ನಾನು ಹಚ್ಚಿಸ್ತೀನಿ."

ಮಾರನೆಯ ದಿನ ಅವಳೇ ಮುಳ್ಳು ಕಿತ್ತೆಸೆದಳು. ಸೋಪನ್ನು ದಾರದಿಂದ ಕೊಯ್ದು, ಹಳೆಯ ಬಟ್ಟೆಯಲ್ಲಿ ಕಟ್ಟಿ, ಗೇಟಿನ ಸರಳಿಗೆ ಇಳಿಬಿಟ್ಟಳು. ಮನೆಮನೆಗೆ ಹೋಗಿ ಜಗಳವಾಡಿ ಮೂವರು ಹುಡುಗಿಯರನ್ನು ಹೊಲದಿಂದ ಎಳೆದುತಂದಳು. ನಾಲ್ಕನೆಯವಳು, ಏಳನೆಯ ತರಗತಿಯ ಯರ್ರಮ್ಮ, ಬರಲಿಲ್ಲ. ಅವಳ ಮದುವೆಯಾಯಿತು. ಆ ದಿನ ಕರಿಯಕ್ಕ ಒಲೆಯ ಮುಂದೆ ಕೂತು ಅತ್ತಳು. ಹೊಗೆಗೆ ಕಣ್ಣೀರು ಬಂತು ಎಂದು ಸುಳ್ಳು ಹೇಳಲಿಲ್ಲ, ಅಳ್ತಿದೀನಿ ಎಂದೇ ಹೇಳಿದಳು.

ಮೂರು ತಿಂಗಳಲ್ಲಿ ಹದಿನಾಲ್ಕು ಮಕ್ಕಳ ಹಣೆ ಬೆಚ್ಚಗಾಯಿತು. ಹದಿನಾಲ್ಕನ್ನೂ ಗೇಟಿನಿಂದಲೇ ಮನೆಗೆ ಕಳಿಸಿದಳು. ಮಧ್ಯಾಹ್ನ ಅವುಗಳ ಪಾಲಿನ ಅನ್ನ ಸಾರನ್ನು ಮುಚ್ಚಳದ ಪಾತ್ರೆಯಲ್ಲಿ ಒಯ್ದು ಹೊಸ್ತಿಲ ಹೊರಗಿಟ್ಟು ಕೂಗಿ ಬರುತ್ತಿದ್ದಳು. ಎಲ್ಲ ಮಕ್ಕಳೂ ಎದ್ದು ಓಡಾಡಿದವು.

*

ಹಟ್ಟಿಯ ಮನೆಯ ಮುಂದೆ ಚಟ್ಟ ಸಿದ್ಧವಾಗಿತ್ತು. ಕರಿಯಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನೋಡಲು ಬಂದವರು ಬೇಲಿಯಾಚೆಯೇ ನಿಂತಿದ್ದರು. ಹತ್ತಿರ ಕೂತವರು ಇಬ್ಬರೇ: ಮಗ ಮಾರುತೇಶ, ಮತ್ತು ಅವಳ ಜೊತೆ ಅಡುಗೆ ಮಾಡುತ್ತಿದ್ದ ಹೊನ್ನಕ್ಕ.

ವಾಣಿಶ್ರೀ ಬೇಲಿ ದಾಟಿ ಒಳಗೆ ಹೋದದ್ದನ್ನು ಎಲ್ಲರೂ ನೋಡಿದರು. ಮಾರುತೇಶ ಜೇಬಿನಿಂದ ಮಡಿಸಿದ ಚೀಟಿ ತೆಗೆದು ಕೊಟ್ಟ.

"ಓದ್ರಿ ಮೇಡಂ. ನೀವಾದ್ರೂ ಓದ್ರಿ. ಆಸ್ಪತ್ರೇಲಿ ಎಲ್ಲಾ ನೋಡಿದ್ರು, ಹಂದಿಜ್ವರ ಅಲ್ಲ ಅಂದ್ರು. ಉಬ್ಬಸ, ಕಫ ಕಟ್ಟೈತೆ ಅಂದ್ರು. ಹೊಗೆ ಕುಡ್ದು ಕುಡ್ದು ನಮ್ಮವ್ವನ ಎದೆ ಇಷ್ಟೇ ಉಳ್ದಿತ್ತು."

ಅವಳು ಓದಿದಳು. ಅವನು ಹೇಳಿದ್ದೇ ಬರೆದಿತ್ತು.

"ಹೊರಾಕೆ ನಾಕು ಜನ ಸಿಗವಲ್ರು" ಎಂದ ಮಾರುತೇಶ. "ಹಳ್ಳದ ದಾರೀಲಿ ಸುಮ್ನೆ ಒಯ್ದುಬಿಡ್ತೀನಿ ಮೇಡಂ. ಊರ ಜೊತೆ ಯಾಕೆ."

"ಏನಂದಿ?" ಹೊನ್ನಕ್ಕ ತಲೆ ಎತ್ತಿದಳು. "ಕಳ್ಳರ ಹೆಣ ಏನ್ಲಾ ಇದು? ಅರ್ಧ ದಾರೀಲಿ ಚಟ್ಟ ಇಳಿಸ್ತಾರಲ್ಲ, ನನ್ನ ಇಸ್ಕೂಲು ಮುಂದೆ ಇಳಿಸ್ರಿ ಅಂತ ನಿಮ್ಮವ್ವ ನಿನ್ನೆ ಹೇಳಿಲ್ವಾ? ನಾನು ಕೇಳಿಸ್ಕೊಂಡೀನಿ. ಇನ್ನೊಂದು ಮಾತೂ ಹೇಳಿದ್ಲು. ಮೇಡಮ್ಮಿಗೆ ಹೇಳು."

"ಏನಂದ್ರು?" ಎಂದು ವಾಣಿಶ್ರೀ ಮಾರುತೇಶನನ್ನು ಕೇಳಿದಳು.

"ನನ್ನ ಹೆಸರಿನ ಮೇಲೆ ಇಸ್ಕೂಲು ಮುಚ್ಚಬ್ಯಾಡ್ರಿ ಅಂದ್ಲು. ಶೇಂಗಾ ಕಿತ್ತು ಕಣಕ್ಕೆ ಹಾಕ್ಯಾರೆ, ಕಾಯಿ ಬಿಡಿಸಾಕೆ ಗೌಡ್ರಿಗೆ ಕೈ ಬೇಕು. ನಾನು ಸತ್ರೆ ಅದೇ ನೆವ ಆಗ್ತೈತೆ, ಮಿಸ್ಸಿಗೆ ಹೇಳು ಅಂದ್ಲು."

ವಾಣಿಶ್ರೀ ಕರಿಯಕ್ಕನ ಮುಖ ನೋಡಿದಳು. ಹಣೆಗೆ ದೊಡ್ಡ ಕುಂಕುಮ ಇಟ್ಟಿದ್ದರು. ಹದಿನೆಂಟು ವರ್ಷ ವಿಧವೆಯಾಗಿದ್ದವಳಿಗೆ ಹೊನ್ನಕ್ಕ ಯಾರನ್ನೂ ಕೇಳದೆ ಇಟ್ಟ ಕುಂಕುಮ. ವಾಣಿಶ್ರೀಗೆ ನಾಚಿಕೆಯಾಯಿತು. ಸಾಯುವ ಹೊತ್ತಿನಲ್ಲೂ ಈ ಹೆಂಗಸು ಮಕ್ಕಳ ಲೆಕ್ಕ ಹಾಕುತ್ತಿದ್ದಳು. ತಾನು ಗೇಟಿನ ಮುಂದೆ ನಿಂತು ವರ್ಗಾವಣೆಯ ಲೆಕ್ಕ ಹಾಕಿದ್ದಳು.

"ದೊಡ್ಡ ಬೀದೀಲೇ ಬನ್ನಿ" ಎಂದಳು. "ನಾನು ಗೇಟು ತೆಗೆದಿರ್ತೀನಿ. ಹೊನ್ನಕ್ಕ, ನೀವು ನನ್ನ ಜೊತೆ ಬರ್ರಿ. ಮಕ್ಕಳಿಗೆ ಅಡುಗೆ ಆಗಬೇಕು."

"ಹೆಣ ಮಣ್ಣಿಗೆ ಹೋಗೋತನಕ ಒಲೆ ಹಚ್ಚಬಾರ್ದು ಮೇಡಂ."

"ಕರಿಯಕ್ಕ ಏನಂತಿದ್ರು?"

ಹೊನ್ನಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಬೈತಿದ್ಲು" ಎಂದಳು.

*

ಗೌಡನಿಗೂ ಕರಿಯಕ್ಕನಿಗೂ ಇದ್ದ ಹಗೆ ಬರೀ ಶೇಂಗಾದ್ದಲ್ಲ. ಶಾಲೆ ತೆರೆದ ದಿನ ನಡೆದದ್ದನ್ನು ಊರೆಲ್ಲ ನೋಡಿತ್ತು.

ಅವತ್ತು ಹಾಲೇಶಪ್ಪ ಬಿಳಿ ಪಂಚೆ ಉಟ್ಟು, ಯಾರನ್ನು ಕೇಳಿ ಬಾಗಿಲು ತೆಗೆದಿರಿ ಎಂದು ಕೇಳಲು ಬಂದ. ಗೇಟಿನಲ್ಲಿ ಒನಕೆ. ಅದರಾಚೆ ಕರಿಯಕ್ಕ.

"ಕೈ ತೊಳೀರಿ ಗೌಡ್ರೆ. ಹಣೆ ಕೊಡ್ರಿ."

ಗೌಡ ನಕ್ಕ. ಹಟ್ಟಿಯ ಹೆಂಗಸು ಅವನ ಮನೆಯ ಅಂಗಳದಲ್ಲಿ ಹತ್ತು ಅಡಿ ದೂರ ನಿಂತು ಮಾತಾಡುವವಳು. ಅವನ ನಗು ಮುಗಿಯುವ ಮೊದಲೇ ಅವಳ ಅಂಗೈಯ ಹಿಂಬದಿ ಅವನ ಹಣೆಯ ಮೇಲಿತ್ತು. ವಿಭೂತಿ ಅವಳ ಕೈಗೆ ಹತ್ತಿತು.

"ಬೆಚ್ಚಗೈತೆ" ಎಂದಳು ಕರಿಯಕ್ಕ. "ಮನೀಗೆ ಹೋಗಿ ಮಲಗ್ರಿ. ಜ್ವರ ಬಿಟ್ಟ ಮ್ಯಾಲೆ ಬರ್ರಿ."

"ಏನೇ, ನನ್ನ ಮುಟ್ಟೋವಷ್ಟು ಆಯ್ತಾ ನಿಂಗೆ?"

"ಎಲ್ಲಾರನ್ನೂ ಮುಟ್ಟೀನಿ ಗೌಡ್ರೆ. ನೀವೊಬ್ರು ಯಾಕೆ ಬ್ಯಾರೆ?"

ಜ್ವರ ಇದ್ದದ್ದು ನಿಜ. ಐದು ದಿನ ಮಲಗಿದ. ಎರಡನೆಯ ದಿನ ಮಧ್ಯಾಹ್ನ ಗೌಡನ ಮನೆಯ ಹೊಸ್ತಿಲ ಹೊರಗೂ ಮುಚ್ಚಳದ ಪಾತ್ರೆಯೊಂದು ಬಂದು ಕೂತಿತ್ತು. ಅದನ್ನು ತಿಪ್ಪೆಗೆ ಸುರಿಸಿದನಂತೆ. ಜ್ವರ ಬಿಟ್ಟಿತು, ಹಣೆ ಮುಟ್ಟಿಸಿಕೊಂಡ ಉರಿ ಬಿಡಲಿಲ್ಲ.

*

ಮುಳ್ಳನ್ನು ವಾಣಿಶ್ರೀಯೇ ಕಿತ್ತಳು. ಅಂಗೈ ಎರಡು ಕಡೆ ಹರಿಯಿತು. ಅವಳು ಎಳೆಯುವುದನ್ನು ನೋಡಲಾರದೆ ಚಿಕ್ಕೀರಪ್ಪ ಕಟ್ಟೆಯ ಕಡೆ ಒಮ್ಮೆ ನೋಡಿ, ಹಗ್ಗದ ಗಂಟು ಬಿಚ್ಚಿಕೊಟ್ಟ. ಅವನ ಮಗಳೂ ಆ ಸಾಲಿನಲ್ಲಿದ್ದಳು. ಕರಿಯಕ್ಕ ಹೊಲದಿಂದ ಎಳೆದುತಂದ ಮೂವರಲ್ಲಿ ಒಬ್ಬಳು.

ಹೊನ್ನಕ್ಕ ಅಡುಗೆಕೋಣೆಯಿಂದ ಒನಕೆ ತಂದು ಗೇಟಿಗೆ ಅಡ್ಡ ಇಟ್ಟು, ಬಕೆಟ್ಟಿನಲ್ಲಿ ನೀರಿಟ್ಟು, ಒಲೆ ಹಚ್ಚಲು ಹೋದಳು. ಮಕ್ಕಳು ಒಂದೊಂದಾಗಿ ಕೈ ತೊಳೆದು ವಾಣಿಶ್ರೀಯ ಮುಂದೆ ಹಣೆ ಒಡ್ಡಿದವು. ಅವಳ ಕೈಗೆ ಮೊದಮೊದಲು ಏನೂ ತಿಳಿಯಲಿಲ್ಲ, ಎಲ್ಲ ಹಣೆಯೂ ಬೆಚ್ಚಗೇ ಅನ್ನಿಸಿತು. ಹತ್ತು ಮಕ್ಕಳಾದ ಮೇಲೆ ತಿಳಿಯಿತು. ಕೊನೆಯ ಮಗು ಒನಕೆ ದಾಟಿದಾಗ ದೊಡ್ಡ ಬೀದಿಯ ತುದಿಯಲ್ಲಿ ಉರುಮೆಯ ಸದ್ದು ಕೇಳಿಸಿತು.

ಹಾಲೇಶಪ್ಪ ಕಟ್ಟೆಯಿಂದಿಳಿದು ಬಂದ.

"ಮೇಡಂ, ನೀವು ಹೊಸಬ್ರು, ನಿಮಗೆ ತಿಳೀದು. ನಾಳೆನೇ ಮೇಲಿನವರಿಗೆ ಬರೀತೀನಿ."

"ಬರೀರಿ ಗೌಡ್ರೆ." ವಾಣಿಶ್ರೀ ಗೇಟಿನಿಂದ ಕದಲದೆ ಹೇಳಿದಳು. "ಇವತ್ತು ಇಸ್ಕೂಲು ತೆರೆದಿತ್ತು ಅಂತ ಬರೀರಿ. ಅರವತ್ಮೂರಕ್ಕೆ ಅರವತ್ಮೂರು ಹಾಜರಿ ಅಂತ ಬರೀರಿ. ನಾನು ಸಹಿ ಹಾಕ್ತೀನಿ."

ಚಟ್ಟ ಹತ್ತಿರ ಬಂತು. ಹೊತ್ತವರು ನಾಲ್ಕು ಜನ ಇದ್ದರು. ಒಬ್ಬ ಮಾರುತೇಶ, ಉಳಿದ ಮೂವರು ಬೆಳಿಗ್ಗೆ ಬೇಲಿಯಾಚೆ ನಿಂತಿದ್ದವರು. ಮೂವರ ಮಕ್ಕಳಿಗೂ ಜ್ವರ ಬಂದಾಗ ಹೊಸ್ತಿಲ ಹೊರಗೆ ಕರಿಯಕ್ಕನ ಪಾತ್ರೆ ಬಂದಿತ್ತು. ಅವರ ಹಿಂದೆ ಓಣಿಯ ಜನ. ಒನಕೆಯ ಈಚೆ ಚಟ್ಟ ಇಳಿಸಿದರು. ಉರುಮೆ ನಿಂತಿತು.

ವಾಣಿಶ್ರೀ ಒನಕೆ ದಾಟಿ ಹೊರಗೆ ಬಂದು ಮೊಣಕಾಲೂರಿ ಕೂತಳು. ಅಂಗೈಯ ಹಿಂಬದಿಯನ್ನು ಕರಿಯಕ್ಕನ ಹಣೆಯ ಮೇಲಿಟ್ಟಳು. ತಣ್ಣಗಿತ್ತು. ಕೈಯನ್ನು ತೆಗೆಯಲು ಮನಸ್ಸಾಗಲಿಲ್ಲ, ಬಹಳ ಹೊತ್ತು ಹಾಗೇ ಇಟ್ಟಳು. ಅಳು ಬಂತು, ಅತ್ತಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಜ್ವರ ಇಲ್ಲ. ಒಳಗೆ ತನ್ನಿ."

ನಾಲ್ವರೂ ಚಟ್ಟ ಎತ್ತಿ, ಕಾಲೆತ್ತಿ ಒನಕೆ ದಾಟಿದರು. ಒಳಗೆ ಹೊಂಗೆಯ ಮರದಡಿ ಮಕ್ಕಳು ಒಂದೊಂದು ಮಾರು ದೂರದಲ್ಲಿ ನಿಂತು ನಡುವೆ ದಾರಿ ಬಿಟ್ಟಿದ್ದವು. ಅಡುಗೆಕೋಣೆಯ ಮಾಡಿನಿಂದ ಹೊಗೆ ಏಳುತ್ತಿತ್ತು.

ವಾಣಿಶ್ರೀ ಬಕೆಟ್ಟಿನ ಬಳಿ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಬಂದು ಗೇಟಿನಲ್ಲಿ ನಿಂತಳು. ಎದುರಿಗೆ ಹಾಲೇಶಪ್ಪ ಇದ್ದ. ಒದ್ದೆ ಕೈ ಮುಂದೆ ಚಾಚಿದಳು.

"ಒಳಗೆ ಬರೋದಾದ್ರೆ ಕೈ ತೊಳೀರಿ ಗೌಡ್ರೆ. ಹಣೆ ಕೊಡ್ರಿ."

ಗೌಡ ಒನಕೆ ನೋಡುತ್ತ ನಿಂತ. ಅವನ ಬೆನ್ನ ಹಿಂದೆ ಚಿಕ್ಕೀರಪ್ಪ, ಮುಳ್ಳು ಗೀರಿದ ಕೈಗೆ ಸೋಪಿನ ನೊರೆ ಹಚ್ಚಿಕೊಂಡು, ಒಂದು ಮಾರು ದೂರ ಬಿಟ್ಟು ಸಾಲು ನಿಂತಿದ್ದ. ಅವನ ಹಿಂದೆ ಇಡೀ ಓಣಿ.